ಇಪ್ಪತ್ತಮೂರನೇ ಪ್ಲಾಟಿನ ಹೊಗೆ

“ಇನ್ನೂ ಮಣ್ಣು ಹಾಕು ಝಿಕ್ರಾ. ಬೆಂಕಿ ಹೊರಗೆ ಕಾಣ್ಬಾರ್ದು. ಒಳಗೊಳಗೇ ಬೇಯ್ಬೇಕು.”

ಝಿಕ್ರಾ ಸಲಿಕೆ ತುಂಬ ಮಣ್ಣು ಎತ್ತಿ ರಾಶಿಯ ಮೇಲೆ ಸುರಿದಳು. ಅರ್ಧ ಮಣ್ಣು ಅವಳ ಶೂ ಒಳಗೆ ಹೋಯಿತು.

ರಾಶಿಯ ಅಡಿಯಲ್ಲಿ ಒಣಗಿದ ಖರ್ಜೂರದ ಗರಿಗಳಿದ್ದವು, ಬೆಂಡೆಯ ಹಳೇ ಕಡ್ಡಿಗಳಿದ್ದವು. ಅವುಗಳ ಮೇಲೆ ಮೊಣಕಾಲೆತ್ತರಕ್ಕೆ ಮಣ್ಣು. ಒಂದು ಮೂಲೆಯಿಂದ ಬಿಳಿ ಹೊಗೆ ದಾರದ ಹಾಗೆ ಏಳುತ್ತಿತ್ತು.

“ಶೂ ಒಳಗೆ ಹೋಯ್ತು ಉಮ್ಮ!”

“ಶೂ ಆಮೇಲೆ ಕೊಡವಿದ್ರಾಯ್ತು. ಅಲ್ಲಿ ನೋಡು, ಹೊಗೆ ತಪ್ಪಿಸಿಕೊಳ್ತಾ ಉಂಟು. ಮುಚ್ಚು, ಮುಚ್ಚು!”

ಝಿಕ್ರಾ ಅಮ್ಮನಿಗೆ ಉಮ್ಮ ಅನ್ನುತ್ತಿದ್ದಳು, ಅಪ್ಪನಿಗೆ ಬಾಪ. ಉಮ್ಮ ನಗುತ್ತಿದ್ದರು. ಮನೆಯಲ್ಲಿ ಅವರು ಇಷ್ಟು ನಗುವುದಿಲ್ಲ. ಕ್ಲಿನಿಕ್ಕಿಗೆ ಹೋದರೂ ಸೂಪರ್ ಮಾರ್ಕೆಟ್ಟಿಗೆ ಹೋದರೂ ಝಿಕ್ರಾಳ ಭುಜ ಮುಟ್ಟಿ “ನೀನು ಹೇಳು” ಅನ್ನುತ್ತಾರೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಅರಬಿಕ್ ಓದಲು ಬರುತ್ತದೆ, ಮಾತಾಡಲು ಬರುವುದಿಲ್ಲ.

ಅರಬ್ ದೇಶದ ಅಬ್ಕೈಕ್‌ನಲ್ಲಿ ಅವರು ವಾಸವಿದ್ದ ಕಾಂಪೌಂಡಿನಲ್ಲಿ ತರಕಾರಿ ಬೆಳೆಯಲು ಮೂವತ್ತು ಪ್ಲಾಟ್‌ಗಳಿದ್ದವು. ಒಂದೊಂದೂ ಒಂದು ಸ್ಕೂಲ್ ಬಸ್ಸಿನಷ್ಟು ಉದ್ದ. ಪ್ಲಾಟ್ ಬೇಕಾದವರು ವೇಟಿಂಗ್ ಲಿಸ್ಟ್‌ನಲ್ಲಿ ಹೆಸರು ಬರೆಸಿ ಕಾಯಬೇಕು. ಉಮ್ಮ ಎರಡು ವರ್ಷ ಕಾದಿದ್ದರು. ಈ ಅಕ್ಟೋಬರಿನಲ್ಲಿ ಅವರಿಗೆ ಇಪ್ಪತ್ತಮೂರನೇ ಪ್ಲಾಟ್ ಸಿಕ್ಕಿತ್ತು.

ಸಿಕ್ಕಿದಾಗ ಅದು ನೋಡಲು ಹೇಗಿತ್ತು ಅಂತೀರಿ! ಬೇಸಿಗೆಯಿಡೀ ಖಾಲಿ ಬಿದ್ದು ಮಣ್ಣಿನ ಮೇಲೆ ಉಪ್ಪು ಬೆಳ್ಳಗೆ ಕೂತಿತ್ತು. ಉಮ್ಮ ಮೂರು ಸಲ ನೀರು ನಿಲ್ಲಿಸಿ ಆ ಉಪ್ಪನ್ನು ಕೆಳಗೆ ಇಳಿಸಿದರು. ಹರಿದ ನೆರಳುಬಲೆಯನ್ನು ಬಿಚ್ಚಿ ಹೊಲಿದರು. ಆಡಿನ ಗೊಬ್ಬರ ಬೆರೆಸಿ ನಾಲ್ಕು ಪಾತಿ ಮಾಡಿದರು. ಅದೂ ಹಗ್ಗ ಹಿಡಿದು ಅಳೆದು, ಸೊಟ್ಟ ಆಗದ ಹಾಗೆ. ಇನ್ನು ಬಿತ್ತುವುದೊಂದೇ ಬಾಕಿ.

“ಸ್ಮೋಕ್! ಝಿಕ್ರಾ, ನಿಮ್ದೇನು ಬಾರ್ಬೆಕ್ಯೂನಾ?”

ಪಕ್ಕದ ಪ್ಲಾಟಿನಿಂದ ಗಗನಾ ಬೇಲಿಗೆ ಆತು ನಿಂತಿದ್ದಳು. ಅವಳೂ ಐದನೇ ಕ್ಲಾಸು, ಬಿ ಸೆಕ್ಷನ್. ಅವರು ಮೈಸೂರಿನವರು. ಅವಳ ಅಮ್ಮ ಉಷಾ ಆಂಟಿ ಗಾರ್ಡನ್ ಕಮಿಟಿಯ ಸೆಕ್ರೆಟರಿ.

“ಬಾರ್ಬೆಕ್ಯೂ ಅಲ್ಲ, ಸುಡುಮಣ್ಣು. ಗೊಬ್ಬರ ಅದು,” ಎಂದಳು ಝಿಕ್ರಾ.

“ಮಣ್ಣನ್ನ ಯಾರಾದ್ರೂ ಸುಡ್ತಾರಾ?”

“ನಮ್ಮ ಊರಲ್ಲಿ ಎಲ್ರೂ ಸುಡ್ತಾರೆ ಮಗಾ,” ಎಂದರು ಉಮ್ಮ. “ಎರಡು ದಿವಸ ಹೀಗೇ ಹೊಗೆ ಆಡ್ಬೇಕು. ಆಮೇಲೆ ಮಣ್ಣು ಹುಡಿ ಹುಡಿ ಆಗ್ತದೆ. ಅದನ್ನು ಹಾಕಿ ಹರಿವೆ ಬಿತ್ತಿ ನೋಡು. ದಂಟು ಇಷ್ಟು ದಪ್ಪ ಬರ್ತದೆ!” ಅವರು ತಮ್ಮ ಮಣಿಕಟ್ಟು ತೋರಿಸಿದರು.

“ವಾವ್. ಆದ್ರೆ ಆಂಟಿ, ಇಲ್ಲಿ ಫೈರ್ ಅಲೋ ಇದ್ಯಾ?”

“ಪಾರ್ಕಲ್ಲಿ ಎಲ್ರೂ ಚಿಕನ್ ಸುಡುದಿಲ್ವಾ? ಮತ್ತೆ ಆ ರೂಲ್ಸ್ ಪೇಪರಲ್ಲಿ ಬೆಂಕಿ ಬೇಡ ಅಂತ ಇಲ್ಲ. ನಮ್ಮ ಝಿಕ್ರಾ ಪೂರ್ತಿ ಓದಿ ಹೇಳಿದ್ದಾಳೆ. ಅಲ್ವಾ ಝಿಕ್ರಾ?”

ಝಿಕ್ರಾ ಸಲಿಕೆಯ ತುದಿಯನ್ನು ನೋಡಿದಳು.

“ಹೂಂ,” ಎಂದಳು.

ಮೂರು ವಾರದ ಹಿಂದೆ ಆ ಪೇಪರ್ ಬಂದಿತ್ತು. ಎರಡು ಪುಟ, ಸಣ್ಣ ಅಕ್ಷರ, ಇಂಗ್ಲಿಷ್. ಬಾಪ ನೈಟ್ ಶಿಫ್ಟ್ ಮುಗಿಸಿ ಮಲಗಿದ್ದರು. “ಸ್ವಲ್ಪ ಓದಿ ಹೇಳು” ಎಂದು ಉಮ್ಮ ಝಿಕ್ರಾಳ ಮುಂದೆ ಹಿಡಿದರು. ಝಿಕ್ರಾ ಟ್ಯಾಬ್‌ನಲ್ಲಿ ಗೇಮ್ ಆಡುತ್ತಿದ್ದಳು. ಇನ್ನೊಂದೇ ಲೆವೆಲ್ ಉಳಿದಿತ್ತು.

“ನೀರು ಇಪ್ಪತ್ತು ನಿಮಿಷ ಮಾತ್ರ. ಗೇಟ್ ಹಾಕ್ಬೇಕು. ನಾಯಿ ತರ್ಬಾರ್ದು. ಕ್ಲೀನ್ ಇಡ್ಬೇಕು.”

“ಮತ್ತೆ?”

“ಮತ್ತೆಂತ ಇಲ್ಲ.”

ಉಮ್ಮ ಸೈನ್ ಮಾಡಿದ್ದರು. ಎರಡನೇ ಪುಟವನ್ನು ಝಿಕ್ರಾ ತಿರುಗಿಸಿಯೂ ನೋಡಿರಲಿಲ್ಲ.

ಈಗ ಹೇಳಿಬಿಡಬಹುದಿತ್ತು. ಆದರೆ ಗಗನಾ ಎದುರಲ್ಲೇ ಇದ್ದಳು. ಬೆಂಕಿಯ ವಿಷಯ ಆ ಪುಟದಲ್ಲಿ ಇರಲಿಕ್ಕೂ ಇಲ್ಲ ಎಂದು ಝಿಕ್ರಾ ತನಗೆ ತಾನೇ ಹೇಳಿಕೊಂಡಳು. ಹೊಗೆ ಮಾತ್ರ ದಾರದಿಂದ ಹಗ್ಗವಾಯಿತು. ಹಗ್ಗದಿಂದ ಕಂಬವಾಯಿತು.

ಹತ್ತು ನಿಮಿಷವೂ ಆಗಿರಲಿಲ್ಲ. ಕೆಂಪು ದೀಪದ ಪಿಕಪ್ ಒಂದು ಗೇಟಿನ ಹತ್ತಿರ ಗಕ್ಕನೆ ನಿಂತಿತು. ಅದರಿಂದ ಫಹದ್ ಸರ್ ಇಳಿದರು. ಅವರು ಸೇಫ್ಟಿ ಆಫೀಸರ್. ಸ್ಕೂಲಿಗೆ ಬಂದು ಫೈರ್ ಡ್ರಿಲ್ ಮಾಡಿಸುವವರು.

“ಯಲ್ಲಾ, ಯಲ್ಲಾ!” ಎಂದು ಅವರು ಹಿಂದಿದ್ದವರನ್ನು ಅವಸರಪಡಿಸಿದರು.

ಇಬ್ಬರು ದಪ್ಪ ಪೈಪ್ ಎಳೆದುಕೊಂಡು ಓಡಿ ಬಂದರು. ನೀರು ಧೋ ಎಂದು ರಾಶಿಯ ಮೇಲೆ ಬಿತ್ತು. ಬೂದಿ ಹಾರಿತು. ಗರಿಗಳು ಚದುರಿದವು. ಕಪ್ಪು ನೀರು ನುಗ್ಗಿ ನಾಲ್ಕು ಪಾತಿಗಳಲ್ಲಿ ಮೂರನ್ನು ಕೊಚ್ಚಿಕೊಂಡು ಹೋಯಿತು. ಉಮ್ಮ ಹಗ್ಗ ಹಿಡಿದು ಅಳೆದಿದ್ದ ಪಾತಿಗಳು.

ಫಹದ್ ಸರ್ ಝಿಕ್ರಾಳ ಕಡೆ ಬಂದು ಇಂಗ್ಲಿಷಿನಲ್ಲಿ ಕೇಳಿದರು. “ನಿನ್ನ ಅಮ್ಮನಾ? ಕೇಳು ಅವರನ್ನು. ಇಲ್ಲಿ ಬೆಂಕಿ ಹಾಕಬಾರದು. ರೂಲ್ ನಂಬರ್ ಒಂಬತ್ತು. ಅದರ ಕೆಳಗೆ ಸೈನ್ ಮಾಡಿದ್ದಾರೆ. ಮತ್ತೆ ಯಾಕೆ ಹಾಕಿದರು?”

ಒಂಬತ್ತು ಆ ಎರಡನೇ ಪುಟದಲ್ಲೇ ಇರಬೇಕು ಎಂದು ಝಿಕ್ರಾಳಿಗೆ ಗೊತ್ತಾಯಿತು. ಅವಳು ಉಮ್ಮನ ಕಡೆ ತಿರುಗಿದಳು.

“ಯಾಕೆ ಬೆಂಕಿ ಹಾಕಿದ್ದು ಅಂತ ಕೇಳ್ತಾರೆ.”

“ಸುಡುಮಣ್ಣಿಗೆ ಅಂತ ಹೇಳು. ಪೇಪರಲ್ಲಿ ಬೇಡ ಅಂತ ಇರ್ಲಿಲ್ಲ, ಇದ್ದಿದ್ರೆ ನಾನು ಹಾಕ್ತಾನೇ ಇರ್ಲಿಲ್ಲ ಅಂತ್ಲೂ ಹೇಳು.”

ಝಿಕ್ರಾ ಫಹದ್ ಸರ್ ಕಡೆ ತಿರುಗಿದಳು.

“ಮರೆತುಹೋಯಿತಂತೆ ಸರ್. ಸಾರಿ ಅಂತಿದ್ದಾರೆ.”

“ಮರೆತುಹೋಯಿತಾ?” ಫಹದ್ ಸರ್ ಬೇಲಿಯಾಚೆ ಕೈ ತೋರಿಸಿದರು. ದೂರದಲ್ಲಿ ಕಚ್ಚಾ ತೈಲದ ಪ್ಲಾಂಟ್‌ನ ಕೊಳವೆಗಳು, ಟ್ಯಾಂಕ್‌ಗಳು ಕಾಣುತ್ತಿದ್ದವು. ಝಿಕ್ರಾಳ ಬಾಪ ಅಲ್ಲೇ ಟೆಕ್ನೀಶಿಯನ್. “ಈ ಊರಿನಲ್ಲಿ ಬೆಂಕಿಯನ್ನು ಯಾರೂ ಮರೆಯುವುದಿಲ್ಲ. ನಾಳೆ ನಾಲ್ಕು ಗಂಟೆಗೆ ಕಮಿಟಿ ಸೇರುತ್ತದೆ. ಪ್ಲಾಟ್ ವಾಪಸ್ ಹೋಗಬಹುದು. ಹೇಳು ಅವರಿಗೆ.”

ಅದನ್ನು ಝಿಕ್ರಾ ಸರಿಯಾಗಿಯೇ ಹೇಳಿದಳು. ಉಮ್ಮ ಪಾತಿಗಳ ಕಡೆ ನೋಡಿದರು. ಕೈಗವಸು ತೆಗೆದರು. ಮತ್ತೆ ಹಾಕಿಕೊಂಡರು.

ಸಂಜೆ ಇಬ್ಬರೂ ಕೆಸರು ಬಳಿಯುತ್ತಿದ್ದಾಗ ಉಷಾ ಆಂಟಿ ಬಂದರು. ಚಪ್ಪಲಿ ಕೆಸರಾಗದ ಹಾಗೆ ಕಲ್ಲಿನಿಂದ ಕಲ್ಲಿಗೆ ಹೆಜ್ಜೆ ಇಟ್ಟರು.

“ಏನ್ರೀ ಆಮಿನತ್, ಹೀಗ್ಮಾಡ್ಬಿಟ್ರಲ್ಲ! ನಂಗೊಂದು ಫೋನ್ ಮಾಡಿ ಕೇಳ್ಬಾರ್ದಿತ್ತಾ? ಇಲ್ಲಿ ಒಂದು ಊದುಬತ್ತಿ ಹಚ್ಚಿದ್ರೂ ಓಡಿ ಬರ್ತಾರೆ ಇವ್ರು.”

ಉಮ್ಮ ತಲೆ ತಗ್ಗಿಸಿದರು.

“ಒಂದು ವಿಷ್ಯ ಹೇಳಿ. ಪೇಪರ್‌ನಲ್ಲಿ ಬೆಂಕಿ ಬೇಡ ಅಂತ ಇಲ್ಲ ಅಂದ್ರಂತೆ ನೀವು, ಗಗನಾ ಹೇಳಿದ್ಲು. ಫಹದ್ ನೋಡಿದ್ರೆ, ರೂಲ್ ಗೊತ್ತಿತ್ತು, ಮರ್ತುಬಿಟ್ರು ಅಂತಾರೆ. ಯಾವ್ದು ಸರಿ?”

ಉಮ್ಮನ ಕೈಯಲ್ಲಿದ್ದ ಸಲಿಕೆ ನಿಂತಿತು.

“ಮರ್ತದ್ದಾ? ಯಾರು ಹೇಳಿದ್ದು?”

“ಝಿಕ್ರಾನೇ ಹೇಳಿದ್ಲಂತಲ್ಲ, ನಿಮ್ಮ ಪರವಾಗಿ.”

ಉಮ್ಮ ಝಿಕ್ರಾಳನ್ನು ನೋಡಿದರು. ಝಿಕ್ರಾ ಕೆಸರನ್ನು ನೋಡಿದಳು. ನೀರಿನ ಪೈಪಿನಿಂದ ಟಪ್ ಟಪ್ ಎಂದು ಹನಿ ಬೀಳುತ್ತಿತ್ತು.

“ಹೌದು,” ಎಂದರು ಉಮ್ಮ. “ಗೊತ್ತಿತ್ತು. ಮರ್ತೇ ಹೋಯ್ತು.”

“ಅಯ್ಯೋ. ಗೊತ್ತಿಲ್ದೆ ಆಯ್ತು ಅಂದಿದ್ರೆ ಏನಾದ್ರೂ ಮಾಡಿ ವಾರ್ನಿಂಗ್ ಕೊಡಿಸ್ತಿದ್ದೆ. ಗೊತ್ತಿದ್ದೂ ಹಚ್ಚಿದ್ದು ಅಂದ್ರೆ ನನ್ ಕೈಲಿ ಏನೂ ಆಗಲ್ಲಮ್ಮ. ಲಿಸ್ಟ್‌ನಲ್ಲಿ ಇನ್ನೂ ಹನ್ನೊಂದು ಜನ ಕಾಯ್ತಿದ್ದಾರೆ.” ಉಷಾ ಆಂಟಿ ಮತ್ತೆ ಕಲ್ಲಿನಿಂದ ಕಲ್ಲಿಗೆ ಹೆಜ್ಜೆ ಇಡುತ್ತಾ ಹೋದರು.

ಮನೆಗೆ ನಡೆಯುವಾಗ ಉಮ್ಮ ಮುಂದೆ, ಝಿಕ್ರಾ ಹಿಂದೆ. ಬಕೆಟ್ಟಿನೊಳಗೆ ಸಲಿಕೆ ಗಡಗಡ ಎನ್ನುತ್ತಿತ್ತು.

“ಉಮ್ಮ... ನೀವ್ಯಾಕೆ ಹೌದು ಅಂದದ್ದು?”

“ಮತ್ತೆಂತ ಹೇಳ್ಬೇಕಿತ್ತು? ನನ್ನ ಮಗಳು ಸುಳ್ಳು ಹೇಳ್ತಾಳೆ ಅಂತಲಾ, ಅವರ ಎದುರು?”

ಝಿಕ್ರಾಳಿಗೆ ಬೈಗುಳ ಬೇಕಾಗಿತ್ತು. ಬೈದಿದ್ದರೆ ಅಳಬಹುದಿತ್ತು. ಉಮ್ಮ ಬೈಯಲೇ ಇಲ್ಲ. ಬಾಗಿಲು ತೆಗೆಯುತ್ತಾ, “ನಾಳೆ ಮೀಟಿಂಗಿಗೆ ನೀನು ಬರ್ಬೇಕು. ಅವರೆಲ್ಲ ಇಂಗ್ಲಿಷಲ್ಲೇ ಮಾತಾಡುದು,” ಎಂದರು, ಅಷ್ಟೇ.

ಆ ಪೇಪರಿನ ಒಂದು ಕಾಪಿ ಫ್ರಿಜ್ಜಿನ ಮೇಲಿತ್ತು. ಝಿಕ್ರಾ ಕುರ್ಚಿ ಹತ್ತಿ ತೆಗೆದು ಎರಡನೇ ಪುಟ ನೋಡಿದಳು. ಒಂಬತ್ತನೆಯದು ಒಂದೇ ಸಾಲು. ಅದರಲ್ಲಿ ಅವಳಿಗೆ ಗೊತ್ತಿಲ್ಲದ ಒಂದು ಪದವೂ ಇರಲಿಲ್ಲ.

ಮರುದಿನ ಶನಿವಾರ ನಾಲ್ಕು ಗಂಟೆಗೆ ಕ್ಲಬ್‌ಹೌಸಿನ ಉದ್ದ ಮೇಜಿನ ಆಚೆ ಫಹದ್ ಸರ್, ಉಷಾ ಆಂಟಿ ಕೂತಿದ್ದರು. ಈಚೆ ಉಮ್ಮ, ಝಿಕ್ರಾ. ಉಮ್ಮ ಮದುವೆಗೆ ಹೋಗುವಾಗ ಹಾಕುವ ಅಬಾಯಾ ನಿಲುವಂಗಿ ಹಾಕಿಕೊಂಡಿದ್ದರು. ಉಗುರಿನ ಸಂದಿಯಲ್ಲಿ ಮಾತ್ರ ಕಪ್ಪು ಹಾಗೇ ಇತ್ತು.

“ಉಷಾ ಹೇಳಿದರು, ನಿನ್ನ ಅಮ್ಮ ಒಪ್ಪಿಕೊಂಡಿದ್ದಾರೆ ಅಂತ,” ಎಂದರು ಫಹದ್ ಸರ್. “ರೂಲ್ ಗೊತ್ತಿತ್ತು, ಆದರೆ ಮರೆತರು. ಸರಿಯಾ? ಕೇಳಿ ಹೇಳು.”

ಉಮ್ಮ ಝಿಕ್ರಾಳ ಭುಜ ಮುಟ್ಟಿದರು. “ಎಂತ ಕೇಳ್ತಾರೆ?”

ಝಿಕ್ರಾ ಉಮ್ಮನಿಗೆ ಉತ್ತರ ಕೊಡಲಿಲ್ಲ. ಮೇಜಿನ ಆಚೆ ನೋಡುತ್ತಾ ಇಂಗ್ಲಿಷಿನಲ್ಲೇ ಶುರು ಮಾಡಿದಳು.

“ಇಲ್ಲ ಸರ್. ಅವರಿಗೆ ಗೊತ್ತಿರಲಿಲ್ಲ. ಪೇಪರ್ ಓದಿದ್ದು ನಾನು. ಮೊದಲ ಪುಟದಲ್ಲಿ ನಾಲ್ಕು ಸಾಲು ಮಾತ್ರ ಓದಿ, ಮತ್ತೇನಿಲ್ಲ ಅಂದೆ. ಗೇಮ್ ಆಡ್ತಾ ಇದ್ದೆ. ಮರೆತುಹೋಯಿತು ಅಂತ ಉಮ್ಮ ಹೇಳಲೇ ಇಲ್ಲ. ಅದು ನಾನೇ ಕಟ್ಟಿದ ಮಾತು.”

ಫಹದ್ ಸರ್ ಪೆನ್ ಕೆಳಗಿಟ್ಟರು.

“ಎಂತ ಹೇಳಿದ್ದು ನೀನು?” ಉಮ್ಮ ಪಿಸುಗುಟ್ಟಿದರು. “ಇಷ್ಟುದ್ದ?”

ಇದು ಮೊದಲಿನದಕ್ಕಿಂತ ಕಷ್ಟವಾಗಿತ್ತು. ಝಿಕ್ರಾ ಪ್ರತಿಯೊಂದು ಮಾತನ್ನೂ ಉಮ್ಮನಿಗೆ ಹೇಳಿದಳು. ಗೇಮ್ ವಿಷಯವನ್ನೂ ಬಿಡಲಿಲ್ಲ. ಉಮ್ಮ ಕೇಳಿಸಿಕೊಂಡರು. ಭುಜದ ಮೇಲಿನ ಕೈ ತೆಗೆಯಲಿಲ್ಲ.

ಮೇಜಿನ ಆಚೆಯ ಇಬ್ಬರೂ ಬಹಳ ಹೊತ್ತು ಮೆಲ್ಲಗೆ ಮಾತಾಡಿದರು. ಕೊನೆಗೆ ಉಷಾ ಆಂಟಿ ಕನ್ನಡದಲ್ಲೇ ಹೇಳಿದರು. “ನೋಡಿ ಆಮಿನತ್, ಬೆಂಕಿ ಅಂತೂ ಹಚ್ಚಿದ್ದೀರಿ. ಪೂರ್ತಿ ಬಿಡಕ್ಕಾಗಲ್ಲ. ಈ ಸೀಸನ್‌ಗೆ ಅರ್ಧ ಪ್ಲಾಟ್ ನಿಮ್ಗೆ, ಇನ್ನರ್ಧ ಲಿಸ್ಟ್‌ನಲ್ಲಿರೋ ಮುಂದಿನವ್ರಿಗೆ. ಇನ್ನೊಂದ್ಸಲ ಹೊಗೆ ಕಂಡ್ರೆ ಅದೂ ಇಲ್ಲ.”

ಎರಡು ಪಾತಿ. ಝಿಕ್ರಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹರಿವೆಗೊಂದು, ಮೂಲಂಗಿಗೊಂದು. ಅಲಸಂಡೆಗೆ ಜಾಗವಿಲ್ಲ. ಉಮ್ಮ ಎಲ್ಲಕ್ಕಿಂತ ಜೋಪಾನವಾಗಿ ತಂದಿಟ್ಟುಕೊಂಡದ್ದು ಅಲಸಂಡೆ ಬೀಜವನ್ನೇ.

“ಅರ್ಧ ಸಾಕು,” ಎಂದರು ಉಮ್ಮ.

ಎಲ್ಲರೂ ಎದ್ದರು. ಉಷಾ ಆಂಟಿ ಆಗಲೇ ಬಾಗಿಲು ದಾಟಿ ಹೋದರು. ಫಹದ್ ಸರ್ ಕಾಗದ ಮಡಿಸುತ್ತಾ ಝಿಕ್ರಾಳನ್ನು ಕೇಳಿದರು. “ನಿನ್ನ ಅಮ್ಮನಿಗೆ ಇನ್ನೇನಾದರೂ ಹೇಳಲಿಕ್ಕಿದೆಯಾ?”

ಝಿಕ್ರಾ ಕೇಳಿದಳು. ಉಮ್ಮ ಸ್ವಲ್ಪ ಯೋಚಿಸಿದರು.

“ಉಂಟು. ನಂದು ತಪ್ಪಾಯ್ತು ಅಂತ ಹೇಳು. ಓದ್ಲಿಕ್ಕೆ ಬಾರದಿದ್ರೆ ಇನ್ನೊಬ್ರ ಹತ್ರ ಕೇಳ್ಬೇಕಿತ್ತು. ಮತ್ತೆ, ಮಣ್ಣೊಳಗಿನ ಬೆಂಕಿ ಆರಿಸ್ಲಿಕ್ಕೆ ಎರಡು ಬಕೆಟ್ ನೀರು ಸಾಕಿತ್ತು, ಅವರು ಅಷ್ಟು ದೊಡ್ಡ ಪೈಪ್ ಬಿಟ್ಟು ನನ್ನ ಮೂರು ಪಾತಿ ಹಾಳು ಮಾಡಿದ್ದು ಸರಿ ಅಲ್ಲ. ಅದನ್ನೂ ಹೇಳು.”

ಫಹದ್ ಸರ್ ಎತ್ತರಕ್ಕೆ ನಿಂತು ಕಾಯುತ್ತಿದ್ದರು. “ಥ್ಯಾಂಕ್ಯೂ ಅಂತ ಹೇಳ್ತಿದ್ದಾರೆ ಸರ್” ಎಂದರೆ ಮುಗಿದುಹೋಗುತ್ತಿತ್ತು. ಅವರಿಗೆ ಗೊತ್ತಾಗುತ್ತಿರಲಿಲ್ಲ. ಉಮ್ಮನಿಗೂ ಗೊತ್ತಾಗುತ್ತಿರಲಿಲ್ಲ.

ಅವಳು ಮೊದಲ ಮಾತನ್ನು ಹೇಳಿದಳು. ಎರಡನೆಯದನ್ನು ಹೇಳಿದಳು. ಆಮೇಲೆ ಎರಡು ಬಕೆಟ್, ದೊಡ್ಡ ಪೈಪ್, ಮೂರು ಪಾತಿ, ಸರಿ ಅಲ್ಲ. ಒಂದನ್ನೂ ಬಿಡಲಿಲ್ಲ.

ಫಹದ್ ಸರ್ ಅವರ ಹುಬ್ಬು ಮೇಲೆ ಹೋಯಿತು. “ಬೆಂಕಿ ಕಂಡರೆ ನಾನು ಇನ್ನೊಂದು ಸಲವೂ ದೊಡ್ಡ ಪೈಪನ್ನೇ ತರುತ್ತೇನೆ. ಹೇಳು ಅವರಿಗೆ. ಆದರೆ ಪಾತಿ ಹಾಳಾದದ್ದಕ್ಕೆ ಸಾರಿ. ಅದನ್ನೂ ಹೇಳು.”

ಝಿಕ್ರಾ ಹೇಳಿದಳು.

“ತರ್ಲಿ,” ಎಂದರು ಉಮ್ಮ. “ಅವರ ಕೆಲಸ ಅವರು ಮಾಡ್ಲಿ.”

ಝಿಕ್ರಾ ಅದನ್ನೂ ಹೇಳಿದಳು.