ನಾಯಕಿಯ ಪಾತ್ರದಲ್ಲಿ ಎರ್ರಪ್ಪ

೧೯೬೭ರಲ್ಲಿ ದೇಶ ಹೊಸ ಲೋಕಸಭೆಯನ್ನು ಆರಿಸಿಕೊಂಡಿತು. ಅದು ಹಾಗಿರಲಿ. ಅದೇ ವರ್ಷದ ಕೊನೆಗೆ ಹಿಂದೂಪುರದ ಕಾಲೇಜೊಂದರಲ್ಲಿ ಎದ್ದ ಪ್ರಶ್ನೆ ಅದಕ್ಕಿಂತ ಬಹಳ ತೂಕದ್ದು: ಕ್ಯಾಮೆರಾಕ್ಕೆ ಕೊಡೆ ಹಿಡಿಯುವವರು ಯಾರು?

ಕ್ಯಾಮೆರಾ ಸರ್ಕಾರದ್ದು, ಬ್ಲಾಕ್ ಆಫೀಸಿನಿಂದ ಎರವಲು ತಂದದ್ದು. ವಿದ್ಯಾರ್ಥಿಗಳೇ ಸೇರಿ ಒಂದು ಪುಟ್ಟ ಸಿನಿಮಾ ತೆಗೆಯಬೇಕು. ದೂರದಿಂದ ನೀರು ಹೊತ್ತು ಸೋತ ಹೊಸ ಸೊಸೆ ಗಂಡನ ಮನಸ್ಸು ತಿರುಗಿಸುತ್ತಾಳೆ, ಗಂಡ ಊರಿನ ಮನಸ್ಸು ತಿರುಗಿಸುತ್ತಾನೆ, ಊರು ಬಾವಿ ತೋಡುತ್ತದೆ. ಕತೆ ಇಷ್ಟೇ. ಆ ಕ್ಯಾಮೆರಾಕ್ಕೆ ಕಣ್ಣಿತ್ತು, ಕಿವಿ ಇರಲಿಲ್ಲ. ಹಾಗಾಗಿ ಮಾತಿಲ್ಲದ ಸಿನಿಮಾ.

ಯಾರಿಗೆ ಯಾವ ಕೆಲಸ ಎಂದು ಹಂಚುವ ಸಭೆ ಆವತ್ತು ಸಂಜೆ. ಪೋತಪ್ಪ ಮೇಷ್ಟ್ರು ಮೇಜಿನ ಹಿಂದೆ ಕೂತಿದ್ದರು. ಪಕ್ಕದಲ್ಲಿ ನಿಂತಿದ್ದವನು ಚೆನ್ನಕೇಶವ: ಕಲ್ಯಾಣದುರ್ಗದ ಹುಡುಗ, ಕೊನೆಯ ವರ್ಷದ ಬಿ.ಎ., ನಾಟಕದ ಮೇಷ್ಟ್ರ ಮಗ.

ಮೊದಲ ಬೆಂಚಿನಲ್ಲಿ ಶಿವಲಕ್ಷ್ಮಿ. ಬೆಲ್ಲದ ಮಂಡಿ ಅಶ್ವತ್ಥಪ್ಪನವರ ಮಗಳು.

ಕಾಲೇಜಿನ ವಾರ್ಷಿಕೋತ್ಸವದಲ್ಲಿ ಅವಳು ಒಬ್ಬಳೇ ನಿಂತು ಅಭಿನಯಿಸಿದ್ದಾಗ ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತ್ತು. ಹಿಂದೆ ಕಂಬಕ್ಕೆ ಒರಗಿದ್ದ ಒಬ್ಬ ಮಾತ್ರ ಚಪ್ಪಾಳೆ ತಟ್ಟುವುದನ್ನೂ ಮರೆತು ನೋಡುತ್ತಿದ್ದ. ಆ ಒಬ್ಬ ಈಗ ಎದುರಿಗೆ ನಿಂತಿದ್ದ. ಇದುವರೆಗೆ ಇಬ್ಬರೂ ಮಾತಾಡಿದವರಲ್ಲ. ಆದರೂ ಹೆಂಡತಿಯ ಪಾತ್ರ ತನಗೇ ಎಂದು ಅವಳ ಮನಸ್ಸು ಆಗಲೇ ತೀರ್ಮಾನಿಸಿ, ಅಮ್ಮನ ಹಸಿರು ಸೀರೆಯನ್ನೂ ಆರಿಸಿಟ್ಟಿತ್ತು.

"ನಿರ್ದೇಶನ, ಚೆನ್ನಕೇಶವ. ಗಂಡನ ಪಾತ್ರವೂ ಚೆನ್ನಕೇಶವ," ಎಂದು ಅವನು ತನ್ನ ಹೆಸರನ್ನೇ ಬೇರೆ ಯಾರದೋ ಎಂಬಂತೆ ಹೇಳಿದ.

"ಏಮಯ್ಯಾ, ಎರಡೂ ನಿಂದೇನಾ? ಟೀ ತರೋದೂ ನೀನೇನಾ?" ಎಂದರು ಮೇಷ್ಟ್ರು.

"ಕ್ಯಾಮೆರಾ ತಾವೇ ಸಾರ್."

ಮೇಷ್ಟ್ರು ತಕ್ಷಣ ಗಂಭೀರರಾದರು.

"ಹೆಂಡತಿಯ ಪಾತ್ರ…"

ಶಿವಲಕ್ಷ್ಮಿ ಬೆಂಚಿನ ಅಂಚಿಗೆ ಸರಿದಳು.

"…ಎರ್ರಪ್ಪ."

ಹಿಂದಿನ ಬೆಂಚಿನಿಂದ ಎರ್ರಪ್ಪ ಎದ್ದು, ಇಲ್ಲದ ಸೆರಗನ್ನು ತಲೆಯ ಮೇಲೆಳೆದುಕೊಂಡು ಸಭೆಗೆ ನಮಸ್ಕರಿಸಿದ. ಅವನೂ ಕಲ್ಯಾಣದುರ್ಗದವನೇ. ಚೆನ್ನಕೇಶವನ ತಂದೆಯ ನಾಟಕಗಳಲ್ಲಿ ಹುಡುಗನಾಗಿದ್ದಾಗಿನಿಂದ ರಾಣಿಯರ ಪಾತ್ರವೆಲ್ಲ ಅವನದೇ.

"ಕ್ಯಾಮೆರಾಕ್ಕೆ ಬಿಸಿಲು ತಾಗದ ಹಾಗೆ ಕೊಡೆ ಹಿಡಿಯೋದು… ಶಿವಲಕ್ಷ್ಮಿಯವರು."

ಹುಡುಗಿಯರು ಕಿಸಕ್ಕೆಂದರು. ಅವಳು ಎದ್ದು ನಿಂತಳು.

"ಕಾಲೇಜಿನಲ್ಲಿ ಹೆಣ್ಮಕ್ಕಳು ಇದ್ದೀವಿ. ಹೆಂಡತಿ ಪಾತ್ರಕ್ಕೆ ಗಂಡಸು ಯಾಕೆ?"

"ನಮ್ ಕಡೆ ಅದೇ ವಾಡಿಕೆ," ಎಂದ ಅವನು, ಅವಳನ್ನು ಬಿಟ್ಟು ಕಿಟಕಿಯನ್ನು ನೋಡುತ್ತ. "ಎರ್ರಪ್ಪ ಸೀರೆ ಉಟ್ರೆ ಎಂಥವರಿಗೂ ಗೊತ್ತಾಗಲ್ಲ."

"ನಿಮಗೆ ಗೊತ್ತಾಗಲ್ಲ ಅನ್ನಿ!"

ಸಭೆ ಗೊಳ್ಳೆಂದಿತು. ಅವನ ಕಿವಿ ಕೆಂಪಾದವು. ಕೊಡೆ ಬೇಡವೆಂದು ಅವಳು ಹೇಳಿಬಿಡಬಹುದಿತ್ತು. ಹೇಳಲಿಲ್ಲ. 'ಹಿಡೀತೀನಿ! ನನ್ನ ಬಿಟ್ಟು ಅದೆಂಥ ಸಿನಿಮಾ ಮಾಡ್ತಾರೋ ಪಕ್ಕದಲ್ಲೇ ನಿಂತು ನೋಡ್ತೀನಿ…'

*

ಮೊದಲ ಚಿತ್ರೀಕರಣ ಸೋಮಂದೇಪಲ್ಲಿಯ ಹೊಲಗಳ ನಡುವೆ. ಸೂರ್ಯ ನೆತ್ತಿಗೆ ಬಂದಂತೆಲ್ಲ ಕೊಡೆ ಭಾರವಾಯಿತು. ಕೊಡೆಯ ನೆರಳು ಪೂರಾ ಸರ್ಕಾರಕ್ಕೆ, ಬಿಸಿಲು ಪೂರಾ ಶಿವಲಕ್ಷ್ಮಿಗೆ.

ಎದುರಿಗೆ ಎರ್ರಪ್ಪ ಹಸಿರು ಸೀರೆ ಉಟ್ಟು ನಿಂತಿದ್ದ. ಅದು ಶಿವಲಕ್ಷ್ಮಿಯ ಅಮ್ಮನ ಸೀರೆಯೇ. ಬೇರೆ ಸೀರೆ ಸಿಗಲಿಲ್ಲವೆಂದು ಮೇಷ್ಟ್ರು ಕೇಳಿದ್ದರು, ಅವಳು ಹಲ್ಲು ಕಚ್ಚಿ ಕೊಟ್ಟಿದ್ದಳು.

"ಎರ್ರಪ್ಪಣ್ಣ, ಕೊಡ ಹಂಗಲ್ಲ! ಸೊಂಟ ಒಂಚೂರು ಓರೆ ಮಾಡು. ಕೈ ಸುತ್ತ ಬರ್ಲಿ."

"ಹಿಂಗೇನಮ್ಮ?"

"ಅಯ್ಯೋ, ಅದು ಮೂಟೆ ಹೊತ್ತಂಗಾಯ್ತು."

ಕೊನೆಗೆ ಕೊಡೆಯನ್ನು ಬೇರೆಯವರ ಕೈಗೆ ಕೊಟ್ಟು ತಾನೇ ಕೊಡ ಎತ್ತಿ ಸೊಂಟಕ್ಕಿಟ್ಟು ನಾಲ್ಕು ಹೆಜ್ಜೆ ನಡೆದು ತೋರಿಸಿದಳು. ತಿರುಗಿ ನೋಡಿದರೆ ಚೆನ್ನಕೇಶವ ನಿಂತಲ್ಲೇ ನಿಂತಿದ್ದ, ಆವತ್ತು ಕಂಬಕ್ಕೆ ಒರಗಿ ನಿಂತಿದ್ದ ಹಾಗೆಯೇ.

'ಹೀಗೆ ನೋಡೋನು ಹಾಗ್ಯಾಕೆ ಮಾಡ್ದ?'

ಮಧ್ಯಾಹ್ನ ಅವನೇ ಲೋಟದಲ್ಲಿ ಮಜ್ಜಿಗೆ ತಂದ. "ತಗೊಳ್ಳಿ. ಬಿಸಿಲು ಜಾಸ್ತಿ ಐತೆ."

"ಕ್ಯಾಮೆರಾಕ್ಕೆ ಕುಡಿಸಿ. ಬಿಸಿಲು ತಾಗಬಾರದಿರೋದು ಅದಕ್ಕೆ ತಾನೆ?"

ಅವನು ಲೋಟವನ್ನು ಕಲ್ಲಿನ ಮೇಲಿಟ್ಟು ಹೋದ. ಅವಳು ಅತ್ತಿತ್ತ ನೋಡಿ ಕುಡಿದಳು. ಮಜ್ಜಿಗೆಗೆ ಉಪ್ಪು ಹದವಾಗಿತ್ತು. ಅದೂ ಅವಳಿಗೆ ಸಿಟ್ಟು ತರಿಸಿತು.

*

ರೀಲು ಮದ್ರಾಸಿಗೆ ಹೋಗಿ ತೊಳೆದುಕೊಂಡು ಬಂತು. ಕಾಲೇಜಿನ ದೊಡ್ಡ ಕೋಣೆಯಲ್ಲಿ ಗೋಡೆಗೆ ಬಿಳಿ ಪಂಚೆ ಕಟ್ಟಿ, ಕಿಟಕಿಗಳಿಗೆ ಕಂಬಳಿ ಇಳಿಬಿಟ್ಟರು. ಯಂತ್ರ ಕಿರಗುಟ್ಟಿತು.

ಪಂಚೆಯ ಮೇಲೆ ಆಳೆತ್ತರದ ಒಂದು ಮುಖ ಮೂಡಿತು. ಹಣೆಯಲ್ಲಿ ಕುಂಕುಮ, ಮೂಗಿನಲ್ಲಿ ನತ್ತು. ಕೆನ್ನೆಯ ತುಂಬ, ಬೆಳಿಗ್ಗೆ ಬೋಳಿಸಿ ಮಧ್ಯಾಹ್ನಕ್ಕೆ ಮತ್ತೆ ಚಿಗುರಿದ ಗಡ್ಡ! ನಾಯಕಿ ನಾಚಿ ಎಂಜಲು ನುಂಗಿದಳು. ಗಂಟಲಿನ ಗಂಟು ಮೇಲೆ ಹೋಗಿ ಕೆಳಗೆ ಬಂತು.

"ಅಯ್ಯಯ್ಯೋ, ನಮ್ಮಪ್ಪನ್ನ ನೋಡ್ದಂಗಾಯ್ತಲ್ಲೋ!" ಎಂದ ಎರ್ರಪ್ಪ ಕತ್ತಲಲ್ಲಿ.

ಕೋಣೆ ಬಿದ್ದು ಬಿದ್ದು ನಕ್ಕಿತು. ತಪ್ಪು ಎರ್ರಪ್ಪನದಲ್ಲ. ಕಲ್ಯಾಣದುರ್ಗದಲ್ಲಿ ಅವನನ್ನು ನೋಡುತ್ತಿದ್ದವರು ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ, ಮೊಳ ದಪ್ಪ ಬಣ್ಣ ಬಳಿದ ಮೇಲೆ, ಒಂದು ಬಯಲಿನಷ್ಟು ದೂರ ಕೂತು ನೋಡುತ್ತಿದ್ದರು. ಅಲ್ಲಿ ಅವನು ರಾಣಿಯೇ. ಕ್ಯಾಮೆರಾ ಮಾತ್ರ ಆ ಊರಿನ ಪದ್ಧತಿ ತಿಳಿಯದ ಪರದೇಶಿ. ಮಾರು ದೂರದಲ್ಲಿ ನಿಂತು ಇದ್ದದ್ದನ್ನೆಲ್ಲ ಬರೆದುಕೊಂಡಿತ್ತು.

ದೀಪ ಹತ್ತಿತು. ಪೋತಪ್ಪ ಮೇಷ್ಟ್ರು ಕಣ್ಣೊರೆಸಿಕೊಂಡರು. "ಇನ್ನೂ ಒಂದಿಷ್ಟು ಫಿಲ್ಮ್ ಉಳಿದೈತೆ ಕಣ್ರಯ್ಯಾ. ಹೆಂಡತೀನ ಬದಲಾಯಿಸಿ ಇನ್ನೊಂದು ಸಲ ತೆಗೆಯಾಣ."

ಎಲ್ಲರ ಕಣ್ಣೂ ಶಿವಲಕ್ಷ್ಮಿಯ ಕಡೆ ತಿರುಗಿದವು.

"ಅವರು ಬೇಡ ಸಾರ್," ಎಂದ ಚೆನ್ನಕೇಶವ.

ಬೇಡ!

ಗಡ್ಡದ ಎರ್ರಪ್ಪ ಆದೀತು, ತಾನು ಆಗಲಿಕ್ಕಿಲ್ಲ… ಅವಳ ಕಣ್ಣು ತುಂಬಿ ಬಂತು. ಯಾರಿಗೂ ಕಾಣಬಾರದೆಂದು ಪುಸ್ತಕಗಳನ್ನು ಅವಚಿಕೊಂಡು ಹೊರಗೆ ನಡೆದುಬಿಟ್ಟಳು.

ವರಾಂಡದ ತುದಿಯಲ್ಲಿ ಹಿಂದಿನಿಂದ ಓಡಿ ಬಂದವನು ಎರ್ರಪ್ಪ.

"ತಾಳಮ್ಮ! ಅವ್ನು ಹೇಳ್ಬೇಡ ಅಂದವ್ನೆ. ನನ್ನ ಹೊಟ್ಟೇಲಿ ಮಾತು ನಿಲ್ಲಲ್ಲ. ಅವ್ನು ಮೊದ್ಲು ನಿಮ್ಮ ಮಂಡಿಗೇ ಹೋಗಿದ್ದ ಕಣಮ್ಮ. ನಿಮ್ಮ ಹುಡ್ಗೀನೇ ಬೇಕು ಅಂತ ನಿಮ್ಮಪ್ಪನ್ನ ಕೇಳ್ದ. ಅವ್ರು ಕ್ಯಾಮೆರಾ ಮುಂದೆ ಬ್ಯಾಡವೇ ಬ್ಯಾಡ, ಹಿಂದೆ ಏನಾರ ಇದ್ರೆ ಆಗ್ಲಿ ಅಂದ್ಬುಟ್ರು. ಕೊಡೆ ಕೆಲ್ಸ ಅಂತ ಒಂದು ಇರ್ಲೇ ಇಲ್ಲ. ಮರದ ನೆರಳು ಸಾಲ್ದಾ? ನಿನಗೋಸ್ಕರ ಅವ್ನೇ ಹುಟ್ಟಿಸ್ದ!"

ಇಂಥ ಕತೆಗಳಲ್ಲಿ ನಾಯಕಿಯ ಕೋಪ ಕರಗಬೇಕಾದ ಜಾಗ ಇದು. ಶಿವಲಕ್ಷ್ಮಿಯ ಕೋಪವೂ ಒಂದು ಗಳಿಗೆ ಕರಗಿತು. ಅವನು ತನ್ನನ್ನೇ ಬಯಸಿದ್ದ… ಆದರೆ ಆ ಗಳಿಗೆ ಮುಗಿದ ಮೇಲೆ ಅವಳಿಗೆ ಹಿಂದಿನದಕ್ಕಿಂತ ಹೆಚ್ಚು ಸಿಟ್ಟು ಬಂತು.

ಅಷ್ಟರಲ್ಲಿ ಚೆನ್ನಕೇಶವ ಹೊರಗೆ ಬಂದ. ಎರ್ರಪ್ಪ ಸದ್ದಿಲ್ಲದೆ ಜಾಗ ಖಾಲಿ ಮಾಡಿದ.

"ನಮ್ಮಪ್ಪನ ಹತ್ರ ಹೋಗಿದ್ರಾ?"

ಅವನು ತಲೆಯಾಡಿಸಿದ. "ನಿಮಗೂ ಅವರಿಗೂ ಮನಸ್ತಾಪ ಬರಬಾರದು ಅಂತ ಹೇಳಲಿಲ್ಲ."

"ಅವರನ್ನ ಕೇಳಿದ್ರಿ. ಮೇಷ್ಟ್ರನ್ನ ಕೇಳಿದ್ರಿ. ಎರ್ರಪ್ಪಣ್ಣನ್ನೂ ಕೇಳಿರ್ತೀರಿ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನನ್ನ ಕೇಳಿದ್ರಾ?"

ಮಂಡಿಗೆ ಹೋದದ್ದು ದೊಡ್ಡ ಮರ್ಯಾದೆಯ ಕೆಲಸವೆಂದು ಅವನು ಇದುವರೆಗೆ ನಂಬಿದ್ದ.

"ಇಲ್ಲ," ಎಂದ. "ಹೊಳೀಲೇ ಇಲ್ಲ… ತಪ್ಪಾಯ್ತು."

"ಈಗ ಕೇಳಿ."

"ಹೆಂಡತಿ ಪಾತ್ರ ಮಾಡ್ತೀರಾ?"

"ಮಾಡ್ತೀನಿ. ನಮ್ಮಪ್ಪನ ಹತ್ರ ಮಾತಾಡೋದು ನನ್ನ ಕೆಲ್ಸ. ನೀವು ಬರ್ಬೇಡಿ."

*

ಮಂಡಿಯಲ್ಲಿ ಅಶ್ವತ್ಥಪ್ಪ ಬೆಲ್ಲದ ಅಚ್ಚೊಂದನ್ನು ಎತ್ತಿ ಬಣ್ಣ ನೋಡುತ್ತಿದ್ದರು.

"ಅಪ್ಪ, ಸಿನಿಮಾದಲ್ಲಿ ಪಾತ್ರ ಮಾಡ್ತೀನಿ ಅಂತ ಹೇಳಿ ಬಂದೀನಿ."

ಅಚ್ಚು ಕೆಳಗಿಳಿಯಿತು. "ಆ ಹುಡುಗನಿಗೆ ಆವತ್ತೇ ಬ್ಯಾಡ ಅಂದಿದ್ದೆ. ಮರ್ಯಾದಸ್ತ, ಎದುರು ಮಾತಾಡ್ಲಿಲ್ಲ."

"ಅದೇ ಕಣಪ್ಪ ಅವ್ರು ಮಾಡಿದ್ ತಪ್ಪು."

"ನಾಳೆ ನಿನ್ನ ನೋಡೋಕೆ ಬರೋರು, ತೆರೆ ಮೇಲೆ ಯಾವನದೋ ಹೆಂಡ್ತಿಯಾಗಿ ನಿಂತೋಳು ಅಂದ್ರೆ ನಾನೇನಮ್ಮ ಹೇಳ್ಲಿ?"

"ಕದ್ದು ಮಾಡಿದ್ರೆ ತಾನೆ ನೀನು ತಲೆ ತಗ್ಗಿಸ್ಬೇಕು? ಈ ಸಲ ತೆಗೆಯೋದು ಕಲ್ಯಾಣದುರ್ಗದಲ್ಲಿ. ನೀನೂ ಬಾ. ಎದುರಿಗೇ ಕೂತ್ಕೊ. ಸರಿಯಿಲ್ಲ ಅನ್ಸಿದ್ರೆ ಕೈ ಹಿಡಿದು ಕರ್ಕೊಂಡ್ ಬಂದ್ಬುಡು."

"ಆಗಲ್ಲ ಅಂದ್ರೆ?"

"ನಿನ್ ಮಾತು ಮೀರಲ್ಲ. ಕಾಲೇಜಿಗೆ ಹೋಯ್ತೀನಿ, ಬತ್ತೀನಿ. ಆದ್ರೆ ಮುಂದೆ ಯಾರು ನೋಡೋಕೆ ಬಂದ್ರೂ 'ಹುಡುಗ ಒಪ್ಗೆನಾ' ಅಂತ ನನ್ನ ಕೇಳ್ಬೇಡ ಅಪ್ಪ. ನನ್ನ ಕೇಳೋ ಪದ್ಧತಿ ಇಲ್ವಲ್ಲ…"

ಅಶ್ವತ್ಥಪ್ಪ ಅಚ್ಚನ್ನು ಮತ್ತೆ ಎತ್ತಿ ಅದರ ಬಣ್ಣ ನೋಡಿದರು. ಮಗಳನ್ನು ಓದಿಸಿದರೆ ಏನಾಗುತ್ತದೆಂದು ರೊದ್ದಂನ ನೆಂಟರೆಲ್ಲ ಮೊದಲೇ ಹೇಳಿದ್ದರು. ಇಷ್ಟು ಚೆನ್ನಾಗಿ ಆಗುತ್ತದೆಂದು ಮಾತ್ರ ಯಾರೂ ಹೇಳಿರಲಿಲ್ಲ.

"ಸರ್ಲೇ," ಎಂದರು. "ನಿಮ್ಮಮ್ಮನಿಗೆ ಹೇಳ್ಬ್ಯಾಡ. ಕಲ್ಯಾಣದುರ್ಗದಲ್ಲಿ ಹುಣಿಸೆಹಣ್ಣಿನ ಯಾಪಾರ ಐತೆ, ಜೊತೆಗೆ ನಿನ್ನೂ ಕರ್ಕೊಂಡ್ ಹೋಯ್ತೀನಿ ಅಂತ ನಾನೇ ಹೇಳ್ತೀನಿ."

*

ಹೊಸ ಹೆಂಡತಿಯೊಡನೆ ಮತ್ತೆ ಚಿತ್ರೀಕರಣ ಕಲ್ಯಾಣದುರ್ಗದ ಕೆರೆ ಏರಿಯ ಮೇಲೆ. ಅಶ್ವತ್ಥಪ್ಪ ಹುಣಿಸೆಮರದ ಕೆಳಗೆ ಮುಖ ಗಂಟಿಕ್ಕಿಕೊಂಡು ಕೂತರು. ಮೊದಲು ಊರಿನವರು ಬಾವಿಗೆ ಜಾಗ ಗುರುತಿಸುವ ದೃಶ್ಯ. ಹುಡುಗರು ನೆಲ ನೋಡಿದರು, ಆಕಾಶ ನೋಡಿದರು, ಕೈ ಎಲ್ಲಿಡಬೇಕೆಂದು ತಿಳಿಯದೆ ಒಬ್ಬರನ್ನೊಬ್ಬರು ನೋಡಿದರು.

ನೋಡುವಷ್ಟು ನೋಡಿ ಅಶ್ವತ್ಥಪ್ಪನವರಿಗೆ ತಡೆಯಲಾಗಲಿಲ್ಲ. "ಏಯ್, ಬಾವಿಗೆ ಜಾಗ ಹಿಂಗೇನ್ರಲಾ ನೋಡೋದು?" ಎನ್ನುತ್ತ ಎದ್ದು ನೇರ ಹುಡುಗರ ನಡುವೆ ನುಗ್ಗಿದರು. ಕೋಲಿನಿಂದ ನೆಲ ಕುಟ್ಟಿದರು, ಮಣ್ಣು ಹಿಡಿದು ಮೂಸಿದರು, ಒಬ್ಬನನ್ನು ಬೈದರು, ಇನ್ನೊಬ್ಬನನ್ನು ತಳ್ಳಿದರು. ಪೋತಪ್ಪ ಮೇಷ್ಟ್ರು ಕ್ಯಾಮೆರಾ ನಿಲ್ಲಿಸಲಿಲ್ಲ.

"ಅದ್ಭುತ! ಊರ ಗೌಡರ ಪಾತ್ರ ಮುಗೀತು!"

"ಯಾರು ಮಾಡಿದ್ದು?"

"ತಾವೇ ಸ್ವಾಮಿ!"

ಅಶ್ವತ್ಥಪ್ಪ ಕ್ಯಾಮೆರಾವನ್ನು ನೋಡಿದರು, ಮಗಳನ್ನು ನೋಡಿದರು. ಆಮೇಲೆ ತಲೆಗೆ ಸುತ್ತಿದ್ದ ಟವೆಲ್ಲನ್ನು ಬಿಚ್ಚಿ ಸರಿಯಾಗಿ ಸುತ್ತಿಕೊಂಡು, "ಒಂದ್ ಮಾತು ಮೊದ್ಲೇ ಹೇಳಿದ್ರೆ ಒಳ್ಳೆ ಅಂಗಿ ಹಾಕ್ಕೊಂಡ್ ಬತ್ತಿದ್ದೆ," ಎಂದರು.

ಕೊನೆಯ ದೃಶ್ಯ. ಹೆಂಡತಿ ಕೊಡ ಇಳಿಸಿ ಗಂಡನೊಡನೆ ಮಾತಾಡಬೇಕು, ಗಂಡ ಬಾವಿ ತೋಡಲು ಒಪ್ಪಬೇಕು.

"ತುಟಿ ಆಡ್ತಿರ್ಲಿ ಸಾಕು," ಎಂದು ದೂರದಿಂದ ಕೂಗಿದರು ಮೇಷ್ಟ್ರು. "ಮಗ್ಗಿಯಾದ್ರೂ ಹೇಳಿ. ಇಲ್ಲಿಗೆ ಏನೂ ಕೇಳ್ಸಲ್ಲ. ಹ್ಞಾಂ, ಶುರು!"

ಕೆರೆಯ ಗಾಳಿಗೆ ಅವಳ ಸೆರಗು ಹಾರಿತು. ಇಷ್ಟು ಹತ್ತಿರದಲ್ಲಿ ಅವನನ್ನು ನೋಡಿದ್ದು ಇದೇ ಮೊದಲು.

"ಎರಡೊಂದ್ಲ ಎರಡು," ಎಂದಳು ಬಹಳ ದುಃಖದಿಂದ. "ಎರಡೆರಡ್ಲ ನಾಲ್ಕು…"

"ಶಿವಲಕ್ಷ್ಮಿ, ಮಗ್ಗಿ ನಿಲ್ಲಿಸಿ. ಒಂದು ಮಾತು ಕೇಳ್ಬೇಕು."

"ತುಟಿ ಆಡಿಸ್ತಾ ಕೇಳಿ."

"ನಿಮ್ಮಪ್ಪ ಅಲ್ಲೇ ಕೂತವ್ರೆ. ಅವರನ್ನ ಕೇಳೋಕೆ ಮುಂಚೆ ನಿಮ್ಮನ್ನ ಕೇಳ್ತಿದ್ದೀನಿ." ಅವನು ಉಸಿರೆಳೆದುಕೊಂಡ. "ನನ್ನ ಮದುವೆ ಆಗ್ತೀರಾ?"

ಅವಳ ಕೈಯಲ್ಲಿದ್ದ ಕೊಡ ನಿಧಾನವಾಗಿ ನೆಲ ಮುಟ್ಟಿತು. ಅಭಿನಯ ಬಹಳ ಸಹಜವಾಗಿದೆ ಎಂದುಕೊಂಡರು ಮೇಷ್ಟ್ರು.

"ಬ್ಯಾಡ ಅಂದ್ರೆ?"

"ನಿಮ್ಮಪ್ಪನ ಹತ್ರ ಹೋಗಲ್ಲ. ಯಾರ ಹತ್ರನೂ ಹೇಳಲ್ಲ."

"ಬಿ.ಎ. ಮುಗಿಸ್ಬೇಕು ಅಂದ್ರೆ?"

"ಕಾಯ್ತೀನಿ."

"ಹೂಂ ಅಂದ್ರೆ?"

ಅವನು ತುಟಿ ಆಡಿಸುವುದನ್ನೇ ಮರೆತ. ಸುಮ್ಮನೆ ಅವಳನ್ನು ನೋಡುತ್ತ ನಿಂತುಬಿಟ್ಟ.

"ಏಮಯ್ಯಾ, ತುಟಿ ಆಡ್ಸು!" ಎಂದು ಮೇಷ್ಟ್ರು ಅರಚಿದರು.

ಮರದ ಕೆಳಗೆ ಅಶ್ವತ್ಥಪ್ಪ ಕತ್ತು ಚಾಚಿದರು. "ಅಷ್ಟೊತ್ತಿಂದ ಏನ್ ಮಾತಾಡ್ತಾವ್ರೆ?"

"ಬಾವಿ ಇಚಾರ," ಎಂದ ಎರ್ರಪ್ಪ.

ಶಿವಲಕ್ಷ್ಮಿ ನಕ್ಕಳು. ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ.

"ಹೂಂ ಅಂತಾನೇ ಕಣ್ರೀ. ಈಗ ಹೋಗಿ ಅಪ್ಪನ್ನ ಕೇಳಿ."

"ನೀವೂ ಬನ್ನಿ."

"ಬತ್ತೀನಿ ನಡೀರಿ."

ಮರು ವರ್ಷ ಶಿವಲಕ್ಷ್ಮಿ ಬಿ.ಎ. ಮುಗಿಸಿದಳು. ಆ ಬೇಸಿಗೆಯಲ್ಲಿ ಅಶ್ವತ್ಥಪ್ಪನವರೇ ಮುಂದೆ ನಿಂತು ಇಬ್ಬರ ಮದುವೆ ಮಾಡಿಸಿದರು.