ಹತ್ತನೆಯ ಫೋನು

ಸೋಮವಾರ ಬೆಳಿಗ್ಗೆ ಎಂಟು ಗಂಟೆ. ಹಿಮದ ನಾಡಿನ ಔಲು ನಗರದ ಫೋನ್ ಕಂಪನಿಯೊಂದರ ಪರೀಕ್ಷಾ ಕೋಣೆ. ಮೇಜಿನ ಮೇಲೆ ಒಂಬತ್ತು ಹೊಸ ಫೋನುಗಳು ಸಾಲಾಗಿ ಬಿದ್ದಿದ್ದವು. ಒಂಬತ್ತಕ್ಕೂ ಮೈತುಂಬ ಗೀರು. ಅಂಚುಗಳಲ್ಲಿ ನೀಲಿ ಲೇಪ ಎದ್ದುಹೋಗಿ ಒಳಗಿನ ಬಿಳಿ ಲೋಹ ಇಣುಕುತ್ತಿತ್ತು.

"ಎರಡು ವಾರ," ಎಂದ ನಿರ್ದೇಶಕ ಪೆಸೊನೆನ್. "ಬರೀ ಎರಡು ವಾರ ಜೇಬಲ್ಲಿಟ್ಟಿದ್ದಕ್ಕೆ ಈ ಗತಿ. ಗುರುವಾರ ಇದನ್ನ ಅಂಗಡಿಗೆ ಕಳಿಸ್ಬೇಕು ನಾವು."

ಫೋನಿನ ಹೆಸರು ಹಲ್ಲಾ. ಅದರ ಕಡುನೀಲಿ ಲೇಪವನ್ನು ತಯಾರಿಸಿದವಳು ವಿಯೆನಾ ಕಾರ್ಹು, ಮೂವತ್ತೆರಡರ ಹುಡುಗಿ. ಊರಿನ ಪತ್ರಿಕೆಯಲ್ಲಿ ಅವಳ ಚಿತ್ರ ಬಂದಿತ್ತು. ಅದನ್ನು ಯಾರೋ ಕತ್ತರಿಸಿ ಕಾಫಿ ಯಂತ್ರದ ಪಕ್ಕ ಅಂಟಿಸಿದ್ದರು. ಆಮೇಲೆ ಇನ್ಯಾರೋ ಆ ನಗುಮುಖದ ಮೇಲೆ ಉಗುರಿನಿಂದ ಒಂದು ಗೀರು ಎಳೆದಿದ್ದರು.

ಆ ಚಿತ್ರವನ್ನು ದಿನಕ್ಕೆ ಐದು ಸಲ ನೋಡಬೇಕಾದವಳು ಹೆಲ್ಕಾ ಯುಂತುನೆನ್. ವಯಸ್ಸು ಐವತ್ತೊಂದು. ಪರೀಕ್ಷಾ ಕೋಣೆಯ ಮುಖ್ಯಸ್ಥೆ. ನಾಲ್ಕು ವರ್ಷದ ಹಿಂದೆ ಅವಳೂ ಒಂದು ಲೇಪ ಮಾಡಿ ಕೊಟ್ಟಿದ್ದಳು. "ನೋಡೋಣ" ಎಂದು ಕಪಾಟಿನಲ್ಲಿಟ್ಟರು. ನೋಡೋಣ ಎಂದವರು ಮತ್ತೆ ನೋಡಲಿಲ್ಲ. ಈಗ ಈ ಗೀರುಗಳನ್ನು ಕಂಡಾಗ ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸುಳ್ಳು ಯಾಕೆ ಹೇಳಬೇಕು.

"ಹತ್ತು ಜನಕ್ಕೆ ಕೊಟ್ಟಿದ್ವಲ್ಲ, ಇನ್ನೊಂದೆಲ್ಲಿ?" ಎಂದು ಪೆಸೊನೆನ್ ಕೇಳಿದ.

"ಅದು ನಂದು. ಮನೇಲಿದೆ. ಆಮೇಲೆ ತರ್ತೀನಿ," ಎಂದಳು ಹೆಲ್ಕಾ. ಫೋನು ಅವಳ ಕೋಟಿನ ಜೇಬಿನಲ್ಲೇ ಇತ್ತು.

"ಬುಧವಾರ ಮಧ್ಯಾಹ್ನಕ್ಕೆ ನಿನ್ನ ವರದಿ ಬೇಕು. ಲೇಪ ಕೆಟ್ಟದ್ದು ಅಂತ ನೀನು ಸಹಿ ಹಾಕಿದ್ರೆ ವಿಯೆನಾನ ಕೆಲಸದಿಂದ ತೆಗೀತೀನಿ. ಆಂತೆರೊನ ಹಳೇ ಲೇಪಕ್ಕೇ ವಾಪಸ್ ಹೋಗೋದು."

ಆಂತೆರೊ ನಿವಾ ಕಿಟಕಿಯ ಬಳಿ ನಿಂತಿದ್ದ. ಇದಕ್ಕೆ ಹಿಂದಿನ ಮೂರು ಫೋನುಗಳ ಲೇಪ ಅವನದೇ. ಒಂಬತ್ತರಲ್ಲಿ ಒಂದು ಫೋನೂ ಅವನದೇ. ಅವನು ತಲೆಯಾಡಿಸಿ, "ಪಾಪ, ಹುಡುಗಿ ತುಂಬ ಕಷ್ಟಪಟ್ಟಿದ್ಲು," ಎಂದ.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಹೆಲ್ಕಾ ಒಂದು ಸಹಿ ಹಾಕಿದರೆ ಸಾಕಿತ್ತು.

*

ಹತ್ತು ಗಂಟೆಗೆ ವಿಯೆನಾ ಬಂದಳು. ಕಣ್ಣು ಊದಿತ್ತು.

"ಹೆಲ್ಕಾ, ನಾನು ಅದನ್ನ ಯಂತ್ರದಲ್ಲಿ ಸಾವಿರ ಸಲ ಉಜ್ಜಿದೀನಿ. ಉಕ್ಕಿನ ನಾರಲ್ಲಿ ಉಜ್ಜಿದೀನಿ. ಎದ್ದಿಲ್ಲ."

"ಉಜ್ಜೋ ಯಂತ್ರಕ್ಕೆ ಜೇಬಿಲ್ಲ ವಿಯೆನಾ."

"ನನ್ನ ಮಾತು ನಂಬು ಅಂತ ಹೇಳ್ತಿಲ್ಲ. ನೀನೇ ನೋಡು. ನಿನ್ನ ಕಣ್ಣು ತಪ್ಪಿಸಿ ಈ ಕಂಪನೀಲಿ ಏನೂ ಹೊರಗೆ ಹೋಗಿಲ್ಲ."

ಹೊಗಳಿಕೆ ಕೇಳಿ ಹೆಲ್ಕಾಗೆ ಇನ್ನಷ್ಟು ಉರಿಯಿತು. ವಯಸ್ಸೂ ಇವಳ ಕಡೆಗೆ, ಬುದ್ಧಿಯೂ ಇವಳ ಕಡೆಗೆ. ಈಗ ಒಳ್ಳೆಯತನವೂ ಇವಳಿಗೇ ಬೇಕೇ?

ಉರಿದರೂ ಕೆಲಸ ಕೆಲಸವೇ. ಮೊದಲು ಲೇಪ ಕಾಯಿಸುವ ಒಲೆಯ ಬಳಿಗೆ ಹೋದಳು. ಅಲ್ಲಿ ರೈಸಾ ಇದ್ದಳು, ಬಾಯಿ ಜೋರಿನ ಹೆಂಗಸು.

"ಹೊತ್ತಿಗೆ ಮುಂಚೆ ಒಲೆಯಿಂದ ತೆಗೆದ್ಯಾ?"

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋಕೆ ಬಂದ್ಯಾ? ನಲವತ್ತು ನಿಮಿಷ ಅಂದ್ರೆ ನಲವತ್ತು ನಿಮಿಷ. ನನ್ನ ಫೋನೂ ಆ ಮೇಜಿನ ಮೇಲಿದೆ, ನೆನಪಿರ್ಲಿ."

ಹೆಲ್ಕಾ ಒಂಬತ್ತೂ ಫೋನುಗಳ ಲೇಪದ ದಪ್ಪ ಅಳೆದಳು. ಸರಿಯಾಗಿತ್ತು. ರೈಸಾಳ ತಪ್ಪಿಲ್ಲ. ಆದರೆ ಅಳೆಯುವಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಪೆಸೊನೆನ್ ಫೋನನ್ನು ಪ್ಯಾಂಟಿನ ಹಿಂದಿನ ಜೇಬಿನಲ್ಲಿಟ್ಟು ಅದರ ಮೇಲೇ ಕೂರುವವನು. ರೈಸಾಳದು ಮೇಲಂಗಿಯ ಎದೆಜೇಬು. ವಿಯೆನಾಳದು ಕೈಚೀಲ. ಒಬ್ಬೊಬ್ಬರ ಫೋನು ಒಂದೊಂದು ಕಡೆ ಸವೆಯಬೇಕು. ಇಲ್ಲಿ ಒಂಬತ್ತಕ್ಕೂ ನಾಲ್ಕು ಮೂಲೆಗಳೂ ಒಂದೇ ಥರ ಜಜ್ಜಿಹೋಗಿದ್ದವು. ಒಂಬತ್ತು ಜೇಬುಗಳು ಒಂದೇ ಥರ ಕಚ್ಚುವುದಿಲ್ಲ.

*

ಒಬ್ಬೊಬ್ಬರನ್ನೇ ಕರೆದು ಕೇಳಿದಳು. ಗೀರು ಯಾವಾಗ ಕಂಡೆ?

"ಶನಿವಾರ," ಎಂದಳು ರೈಸಾ. "ನನ್ನ ಬೀಗದ ಕೈ ತಾಗಿರ್ಬೇಕು ಅನ್ಕೊಂಡೆ. ಹೇಳೋಕೆ ನಾಚಿಕೆಯಾಯ್ತು."

"ಶನಿವಾರ ಬೆಳಿಗ್ಗೆ," ಎಂದ ಪೆಸೊನೆನ್. "ನಿರ್ದೇಶಕನೇ ಹಾಳು ಮಾಡ್ದ ಅಂತಾರಲ್ಲ ಅಂತ ಸುಮ್ನಿದ್ದೆ."

ಒಂಬತ್ತು ಜನರದೂ ಅದೇ ಉತ್ತರ. ಪ್ರತಿಯೊಬ್ಬರೂ ತಪ್ಪು ತಮ್ಮದೊಬ್ಬರದೇ ಎಂದುಕೊಂಡು ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಆ ಊರಿನವರು ಹಾಗೆಯೇ. ಮನೆಗೆ ಬೆಂಕಿ ಬಿದ್ದರೂ, ಕೂಗಿದರೆ ಪಕ್ಕದವರಿಗೆ ತೊಂದರೆಯಾದೀತೇ ಎಂದು ಮೊದಲು ಯೋಚಿಸುತ್ತಾರೆ. ಯಾರೋ ಈ ಮೌನವನ್ನು ನೆಚ್ಚಿಕೊಂಡೇ ಕೆಲಸ ಮಾಡಿದ್ದರು.

ಹೆಲ್ಕಾ ಸೂಜಿ ಹಿಡಿದು ಫೋನುಗಳ ಚಾರ್ಜಿಂಗ್ ತೂತುಗಳನ್ನು ಕೆದಕಿದಳು. ಸಿಕ್ಕಿದ್ದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಮರಳಿನ ಕಣ. ಬೂದು ಬಣ್ಣದ ಉಣ್ಣೆಯ ಎಳೆ. ಎರಡು ಫೋನುಗಳಲ್ಲಿ ಎಲೆಯ ಹಸಿರು ಚೂರು.

ಮರಳು ದುಂಡಗಿತ್ತು. ಬೀದಿಯ ಮಂಜುಗಡ್ಡೆಯ ಮೇಲೆ ಜನ ಜಾರದಿರಲಿ ಎಂದು ನಗರಸಭೆ ಚೆಲ್ಲುವುದು ಒಡೆದ ಕಲ್ಲಿನ ಪುಡಿ. ಅದಕ್ಕೆ ಚೂಪು ಮೂಲೆಗಳಿರುತ್ತವೆ. ಈ ಎರಡು ವಾರದಲ್ಲಿ ಆ ಪುಡಿಯನ್ನು ಹೆಲ್ಕಾಳಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಯಾಕೆ ಎಂಬುದು ಆಮೇಲಿನ ಮಾತು.

ಎಲೆಯ ಚೂರು ಬರ್ಚ್ ಮರದ್ದು. ಅವಳು ತಲೆಯೆತ್ತಿ ಕಿಟಕಿಯಾಚೆ ನೋಡಿದಳು. ಏಪ್ರಿಲ್ ತಿಂಗಳು. ಬರ್ಚ್ ಮರಗಳೆಲ್ಲ ಬೋಳಾಗಿ ನಿಂತಿದ್ದವು. ಇನ್ನೊಂದು ತಿಂಗಳು ಅವುಗಳಲ್ಲಿ ಒಂದು ಎಲೆಯೂ ಬರುವುದಿಲ್ಲ. ಈ ಕಾಲದಲ್ಲಿ ಬರ್ಚ್ ಎಲೆ ಸಿಗುವುದು ಒಂದೇ ಕಡೆ. ಸೌನಾ ಎಂಬ ಬಿಸಿ ಉಗಿಯ ಸ್ನಾನದ ಮನೆಯಲ್ಲಿ, ಮೈಗೆ ಬಡಿದುಕೊಳ್ಳಲು ಹಿಂದಿನ ಬೇಸಿಗೆಯಲ್ಲಿ ಕಟ್ಟಿ ಒಣಗಿಸಿಟ್ಟ ಸೊಪ್ಪಿನ ಕಂತೆಯಲ್ಲಿ.

ಶುಕ್ರವಾರ ಸಂಜೆ ಕಂಪನಿಯ ಸೌನಾ ಇತ್ತು.

*

ಸೌನಾ ಇರುವುದು ನದಿಯ ದಂಡೆಯಲ್ಲಿ. ಮಂಗಳವಾರ ಬೆಳಿಗ್ಗೆ ಹೆಲ್ಕಾ ಒಬ್ಬಳೇ ಹೋದಳು. ಜಗಲಿಯ ಮೇಲೆ ತೊಗಟೆಯ ಬುಟ್ಟಿ ಇತ್ತು. ಬಟ್ಟೆ ಬಿಚ್ಚುವ ಕಡೆ ಕ್ಯಾಮೆರಾ ಬೇಡವೆಂದು ಎಲ್ಲರೂ ಫೋನನ್ನು ಆ ಬುಟ್ಟಿಯಲ್ಲಿಟ್ಟು ಒಳಗೆ ಹೋಗಿ, ಮನೆಗೆ ಹೊರಡುವಾಗಲೇ ತೆಗೆದುಕೊಳ್ಳುವುದು ವಾಡಿಕೆ. ಬುಟ್ಟಿಯ ಮೇಲೆ ಸೊಪ್ಪಿನ ಕಂತೆಗಳು ತೂಗುತ್ತಿದ್ದವು. ಪಕ್ಕದಲ್ಲಿ ನದಿ ಮರಳಿನ ಬಕೆಟ್. ಉಗಿಯಿಂದ ಎದ್ದು ಬಂದವರು ಮುಳುಗಲೆಂದು ನದಿಯ ಮಂಜುಗಡ್ಡೆಯಲ್ಲಿ ಕೊರೆದ ಈಜುಗುಂಡಿಗೆ ಹೋಗುವ ದಾರಿ ಜಾರದಿರಲಿ ಎಂದು ಚೆಲ್ಲುವ ಮರಳು ಅದು.

ಶುಕ್ರವಾರ ಮೊದಲು ಹೆಂಗಸರ ಸರದಿ, ಆಮೇಲೆ ಗಂಡಸರದು. ಗಂಡಸರು ಉಗಿಯಲ್ಲಿದ್ದಾಗ ಹೆಂಗಸರು ಒಳಕೋಣೆಯ ಬೆಂಕಿಯಲ್ಲಿ ಸಾಸೇಜ್ ಸುಡುತ್ತಿದ್ದರು. ಜಗಲಿ ಖಾಲಿ ಇತ್ತು. ಹೆಲ್ಕಾಳ ಫೋನು ಮಾತ್ರ ಬುಟ್ಟಿಯಲ್ಲಿರಲಿಲ್ಲ. ಅದನ್ನು ಅವಳು ಕೋಟಿನ ಸಮೇತ ಕಾರಿನಲ್ಲೇ ಬಿಟ್ಟಿದ್ದಳು.

ಅವಳು ಅಂಗಿಯ ತೋಳು ಮಡಚಿ ಬಕೆಟ್ಟಿನೊಳಗೆ ಮೊಣಕೈವರೆಗೆ ಕೈ ಹಾಕಿದಳು. ತಳದಲ್ಲಿ ಏನೋ ಮೆತ್ತಗೆ ಸಿಕ್ಕಿತು. ಎಳೆದಳು. ಬೂದು ಉಣ್ಣೆಯ ಕಾಲುಚೀಲ. ಕೈಹೆಣಿಗೆ. ಮೇಲಂಚಿಗೆ ಕೆಂಪು ಪಟ್ಟಿ. ಒಳಗೆ ಮರಳಿನ ಜೊತೆ ನೀಲಿ ಲೇಪದ ಹುಡಿ ಮಿನುಗಿತು.

ಇಂಥ ಚೀಲ ಯಾರ ಕಾಲಲ್ಲಿತ್ತು ಎಂದು ಅವಳು ಯೋಚಿಸಬೇಕಾಗಿರಲಿಲ್ಲ. ಶುಕ್ರವಾರ ಬೆಂಕಿಯ ಮುಂದೆ ಒಬ್ಬ ಒಂದು ಕಾಲಿಗೆ ಚೀಲ ಹಾಕಿ, ಇನ್ನೊಂದನ್ನು ಬರಿದಾಗಿ ಚಾಚಿಕೊಂಡು ಕೂತಿದ್ದ. "ಒಂದೇ ಕಾಲಿಗೆ ಬೇಸಿಗೆ ಬಂತಾ?" ಎಂದು ಅವಳೇ ಕಿಚಾಯಿಸಿದ್ದಳು. ಅವನು ನಕ್ಕುಬಿಟ್ಟಿದ್ದ.

ಆದರೂ ಯಾರೋ ಅವನ ಚೀಲ ಕದ್ದು ಬಳಸಿರಬಹುದಲ್ಲ. ಅದನ್ನೂ ಕೇಳಿಬಿಡೋಣ ಎಂದುಕೊಂಡಳು.

*

ಮಧ್ಯಾಹ್ನ ಕಾಫಿ ಯಂತ್ರದ ಬಳಿ ಆಂತೆರೊ ಸಿಕ್ಕ.

"ಶುಕ್ರವಾರ ಕಾಲುಚೀಲ ಕಳ್ಕೊಂಡ್ಯಲ್ಲ, ಕೆರ್ತ್ತು ಬೈದ್ಲಾ?" ಕೆರ್ತ್ತು ಅವನ ಹೆಂಡತಿ.

"ಬೈದೇ ಇರ್ತಾಳಾ? ಅವಳೇ ಹೆಣೆದಿದ್ದು."

"ಎಲ್ಲಿ ಕಳ್ಕೊಂಡೆ?"

"ಈಜುಗುಂಡೀಲಿ. ಕಾಲು ಮರಗಟ್ಟದಿರ್ಲಿ ಅಂತ ಚೀಲ ಹಾಕ್ಕೊಂಡೇ ಹೋಗಿದ್ದೆ, ಏಣಿ ಇಳೀವಾಗ ಕಾಲಿಂದ ಜಾರಿ ನೀರಿಗೆ ಹೋಯ್ತು. ಆವತ್ತು ಹತ್ತು ನಿಮಿಷ ನೀರಲ್ಲೇ ಇದ್ದೆ. ಯಾಕೆ?"

"ಸುಮ್ನೆ ಕೇಳ್ದೆ. ನೀರು ಹೇಗಿತ್ತು?"

"ಕೊರೀತಿತ್ತು," ಎಂದ ಆಂತೆರೊ. ಆಮೇಲೆ ದನಿ ತಗ್ಗಿಸಿ, ಗೋಡೆಯ ಚಿತ್ರದತ್ತ ಗದ್ದ ಎತ್ತಿ ಹೇಳಿದ: "ಹೆಲ್ಕಾ, ಸಹಿ ಹಾಕಿ ಮುಗಿಸು. ನಿನ್ನ ಲೇಪಾನ ಅವರು ಕಪಾಟಲ್ಲಿಟ್ರು. ನನ್ನನ್ನೂ ಕಪಾಟಲ್ಲಿಟ್ರು. ನಿನ್ನ ಲೇಪದ ಪರ ಈ ಸಲ ನಾನು ಮಾತಾಡ್ತೀನಿ."

ಕಾಫಿ ಆರಿಹೋಗುವವರೆಗೂ ಹೆಲ್ಕಾ ಲೋಟ ಹಿಡಿದುಕೊಂಡೇ ನಿಂತಿದ್ದಳು. ಆಸೆಯಾಗಲಿಲ್ಲ ಎಂದರೆ ಅದು ಸುಳ್ಳು.

*

ಬುಧವಾರ ಮಧ್ಯಾಹ್ನ ಪೆಸೊನೆನ್ ಕೋಣೆಯಲ್ಲಿ ನಾಲ್ಕು ಜನ ಕೂತರು. ಅವನು, ವಿಯೆನಾ, ಆಂತೆರೊ, ಹೆಲ್ಕಾ.

"ಲೇಪ ಎದ್ದಿದ್ದು ಜೇಬಲ್ಲಲ್ಲ," ಎಂದು ಹೆಲ್ಕಾ ಶುರುಮಾಡಿದಳು. "ಒಂಬತ್ತೂ ಒಂದೇ ಸಂಜೆ ಹಾಳಾಗಿವೆ. ಶುಕ್ರವಾರ, ಸೌನಾ ಜಗಲೀಲಿ. ಯಾರೋ ಕಾಲುಚೀಲಕ್ಕೆ ಬಕೆಟ್ ಮರಳು ತುಂಬಿ, ಫೋನುಗಳನ್ನ ಒಂದೊಂದಾಗಿ ಅದರೊಳಗೆ ಹಾಕಿ ಬಲವಾಗಿ ಕುಲುಕಿದಾರೆ. ಜೇಬಲ್ಲಿ ಸವೆದ ಹಾಗೆ ಕಾಣ್ಲಿ ಅಂತ. ಅದಕ್ಕೇ ತೂತುಗಳಲ್ಲಿ ನದಿ ಮರಳು, ಉಣ್ಣೆ, ಬರ್ಚ್ ಎಲೆ ಸಿಕ್ಕಿದ್ದು."

ಅವಳು ಕಾಲುಚೀಲವನ್ನು ಮೇಜಿನ ಮೇಲಿಟ್ಟಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಆಂತೆರೊ ಕಾಲುಗಳನ್ನು ಕುರ್ಚಿಯ ಅಡಿಗೆ ಎಳೆದುಕೊಂಡ. "ನಂದೇ ಇರ್ಬಹುದು. ಯಾರೋ ತಗೊಂಡಿರ್ಬೇಕು."

"ನೀರಲ್ಲಿ ಹೋಯ್ತು ಅಂದ್ಯಲ್ಲ. ಏಣಿ ಇಳೀವಾಗ."

"ಹೂಂ, ಹಾಗೇ ಅನ್ಕೊಂಡಿದ್ದೆ."

"ಆಂತೆರೊ, ಶುಕ್ರವಾರ ಗುಂಡೀಲಿ ಏಣಿನೇ ಇರ್ಲಿಲ್ಲ. ಮಂಜುಗಡ್ಡೆ ಬಿರುಕು ಬಿಡ್ತಿದೆ ಅಂತ ಮಧ್ಯಾಹ್ನಾನೇ ಮೇಲೆತ್ತಿ ದಂಡೆಗೆ ಕಟ್ಟಿ, ದಾರಿಗೆ ಹಗ್ಗ ಬಿಗಿದಿದ್ರು. ಹೆಂಗಸರ ಸರದೀಲಿ ನಾನು ಹೋಗಿ ನೋಡಿ ವಾಪಸ್ ಬಂದೆ. ಹೇಳೋದೇನಿದೆ ಅಂತ ಯಾರಿಗೂ ಹೇಳ್ಲಿಲ್ಲ. ಆವತ್ತು ನೀನು ನೀರಿಗೆ ಇಳಿದೇ ಇಲ್ಲ. ಆ ಹತ್ತು ನಿಮಿಷ ಜಗಲೀಲಿ ಇದ್ದೆ."

ಪೆಸೊನೆನ್ ನಿಧಾನವಾಗಿ ಅವನ ಕಡೆ ತಿರುಗಿದ. "ಗುಂಡಿಗೆ ಹೋಗ್ತೀನಿ ಅಂತ ಉಗಿಯಿಂದ ಎದ್ದು ಹೋದೆ ನೀನು. ವಾಪಸ್ ಬಂದಾಗ ನಿನ್ನ ಕೂದಲು ಒಣಗಿತ್ತು. ಕೇಳ್ಬೇಕು ಅನ್ಕೊಂಡೆ. ಕೇಳ್ಲಿಲ್ಲ."

ಆಂತೆರೊನ ಮುಖ ಕೆಂಪಾಯಿತು. "ಇಪ್ಪತ್ತೆರಡು ವರ್ಷ. ಮೂರು ಫೋನು. ನನ್ನ ಚಿತ್ರ ಯಾವ ಗೋಡೆ ಮೇಲೂ ಅಂಟಲಿಲ್ಲ. ಇವಳು ಬಂದು ಎರಡು ವರ್ಷಕ್ಕೆ ಊರೆಲ್ಲ ಇವಳದೇ ಮಾತು." ಹೆಲ್ಕಾಳ ಕಡೆ ಬೆರಳು ಮಾಡಿದ. "ಇವಳೇನು ಬೇರೇನಾ? ಇವಳ ಹೊಟ್ಟೇಲೂ ಅದೇ ಬೆಂಕಿ. ಹೋಗ್ಲಿ, ಚೀಲ ಸಿಕ್ಕಿತು. ಲೇಪ ಗಟ್ಟಿ ಅನ್ನೋದಕ್ಕೆ ಏನು ಸಾಕ್ಷಿ? ನಾನು ಕುಲುಕದಿದ್ರೂ ಅದು ಏಳ್ತಿತ್ತು. ನಾಳೆ ಕೊಂಡವರು ವಾಪಸ್ ತಂದು ಎಸೀತಾರೆ."

ಪೆಸೊನೆನ್ ಹಣೆ ಒತ್ತಿಕೊಂಡ. "ಅದೂ ನಿಜವೇ ಹೆಲ್ಕಾ. ಒಂಬತ್ತೂ ಹಾಳಾಗಿವೆ. ಮತ್ತೆ ಪರೀಕ್ಷೆ ಮಾಡೋಕೆ ಹೊತ್ತಿಲ್ಲ. ಸಾಕ್ಷಿ ಇಲ್ಲದೆ ನಾಳೆ ಬಿಡೋಕಾಗಲ್ಲ."

ವಿಯೆನಾ ತಲೆ ತಗ್ಗಿಸಿದಳು.

ಹೆಲ್ಕಾ ಎದ್ದು, ಗೂಟಕ್ಕೆ ತೂಗುಹಾಕಿದ್ದ ತನ್ನ ಕೋಟನ್ನು ತಂದಳು. ಬಲಜೇಬನ್ನು ಹೊರಗೆ ತಿರುವಿದಳು. ಬೀಗದ ಕೈ ಗೊಂಚಲು ಬಿತ್ತು. ಆಮೇಲೆ ಬೂದು ಕಲ್ಲುಪುಡಿ ಮೇಜಿನ ಮೇಲೆ ಸುರಿಯಿತು, ಒಂದು ಹಿಡಿಯಷ್ಟು. ಕೊನೆಗೆ ಹತ್ತನೆಯ ಹಲ್ಲಾ ಹೊರಗೆ ಬಂತು.

"ಮೊದಲನೇ ದಿನಾನೇ ಬೀದಿ ಪುಡಿ ತುಂಬಿಸ್ಕೊಂಡೆ," ಎಂದಳು. "ಎರಡು ವಾರ ಬೀಗದ ಕೈ ಜೊತೆ ಇದನ್ನ ಹೊತ್ಕೊಂಡು ತಿರುಗಿದೀನಿ. ಸಾಲದು ಅಂತ ನಡೀವಾಗ ಕೈ ಹಾಕಿ ಉಜ್ಜಿದೀನಿ. ಗೀರು ಬೀಳ್ಲಿ, ಇವಳ ಮಾನ ಹೋಗ್ಲಿ ಅಂತ. ಆಂತೆರೊ ಹೇಳಿದ್ದು ನಿಜ. ಅದೇ ಬೆಂಕಿ. ನೋಡ್ಕೊಳ್ಳಿ."

ಪೆಸೊನೆನ್ ಫೋನನ್ನು ಬೆಳಕಿಗೆ ಹಿಡಿದ. ಬೆನ್ನಿನ ಮೇಲೆ ಕೂದಲೆಳೆಯಂಥ ಗೀರುಗಳಿದ್ದವು. ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತಿದ್ದವು. ಅಂಚು, ಮೂಲೆ ಎಲ್ಲ ಕಡೆ ನೀಲಿ ಹಾಗೇ ಇತ್ತು.

"ಹದಿನೇಳು ಗೀರು. ಎಣಿಸಿದೀನಿ," ಎಂದಳು ಹೆಲ್ಕಾ. "ವರದೀಲಿ ಇರೋದು ಇಷ್ಟೇ. ಗೀರು ಬೀಳುತ್ತೆ, ಲೇಪ ಏಳಲ್ಲ."

ಆಂತೆರೊ ಕಾಲುಚೀಲವನ್ನು ಮುಟ್ಟದೆ ಎದ್ದು ಹೊರಗೆ ಹೋದ.

*

ಕೋಣೆಯ ಹೊರಗೆ ವಿಯೆನಾ ಹೆಲ್ಕಾಳನ್ನು ಹಿಡಿದು ನಿಲ್ಲಿಸಿದಳು. "ಆ ಜೇಬನ್ನ ನೀನು ತೋರಿಸದೇ ಇರಬಹುದಿತ್ತು."

"ಇರಬಹುದಿತ್ತು."

"ಮತ್ತೆ ಯಾಕೆ ತೋರಿಸ್ದೆ?"

"ನಿನ್ನ ಕಂಡ್ರೆ ನನಗೆ ಈಗಲೂ ಹೊಟ್ಟೆ ಉರಿಯುತ್ತೆ ವಿಯೆನಾ. ತಪ್ಪು ತಿಳ್ಕೋಬೇಡ. ಆದ್ರೆ ಎರಡು ವಾರ ನಾನು ಉಜ್ಜಿದ್ರೂ ಏಳದ ಲೇಪ ಅದು. ಅದನ್ನ ಕೆಟ್ಟದ್ದು ಅಂತ ಬರೆಯೋಕೆ ಕೈ ಬರಲಿಲ್ಲ."

ವಿಯೆನಾ ಹೆಲ್ಕಾಳ ಕೋಟಿನ ತೋಳಿಗೆ ಅಂಟಿದ್ದ ಕಲ್ಲುಪುಡಿಯನ್ನು ಕೈಯಿಂದ ಕೊಡವಿ ಹೋದಳು.

ಗುರುವಾರ ಹಲ್ಲಾ ಅಂಗಡಿಗೆ ಹೋಯಿತು. ಶುಕ್ರವಾರ ಬೆಳಿಗ್ಗೆ ಇನ್ನೂ ಯಾರೂ ಬಂದಿರಲಿಲ್ಲ. ಹೆಲ್ಕಾ ಕಾಫಿ ಯಂತ್ರದ ಮುಂದೆ ನಿಂತಳು. ಗೋಡೆಯ ಮೇಲೆ ವಿಯೆನಾ ನಗುತ್ತಿದ್ದಳು, ಮುಖದ ಮೇಲೆ ಆ ಉಗುರಿನ ಗೀರು ಹಾಗೇ ಇತ್ತು. ಅದು ಯಾರ ಉಗುರು ಎಂದು ಯಾರೂ ಪತ್ತೆ ಮಾಡಲು ಹೋಗಿರಲಿಲ್ಲ.

ಅವಳು ಚಿತ್ರವನ್ನು ಮೆಲ್ಲಗೆ ಕಿತ್ತಳು. ಕೈಚೀಲದಿಂದ, ಆ ಚಿತ್ರ ಬಂದಿದ್ದ ದಿನದ ಪತ್ರಿಕೆಯ ಇನ್ನೊಂದು ಪ್ರತಿ ತೆಗೆದಳು. ಅದನ್ನು ಅವಳು ಆವತ್ತಿನಿಂದ ಮನೆಯಲ್ಲಿ, ಹಾಸಿಗೆಯ ಪಕ್ಕದ ಕಪಾಟಿನಲ್ಲಿ ಇಟ್ಟುಕೊಂಡಿದ್ದಳು. ಚಿತ್ರವನ್ನು ನೀಟಾಗಿ ಕತ್ತರಿಸಿ, ಅದೇ ಜಾಗದಲ್ಲಿ ಅಂಟಿಸಿ, ಕಾಫಿ ಬಗ್ಗಿಸಿಕೊಂಡಳು.