ಗಾಳಿಯಾಡದ ಕ್ಯಾಬಿನೆಟ್

"ಅಂಚು ಮುಟ್ಟಿ ನೋಡ್ರಿ. ಕೈಗೆ ಹತ್ತಿದ್ರ ನನ್ನ ಕೇಳ್ರಿ."

ಬೈಕಿಗೆ ಕಟ್ಟಿ ತಂದಿದ್ದ ಕಂಪ್ಯೂಟರ್ ಕ್ಯಾಬಿನೆಟ್ಟನ್ನು ತಬ್ಬಿಕೊಂಡು ಅವನು ಬಾಗಿಲಲ್ಲೇ ನಿಂತಿದ್ದ. ಸ್ಪಂದನ ಬೆರಳಾಡಿಸಿದಳು. ತಗಡು ಕೊರೆದು ಗಾಜಿನ ಕಿಟಕಿ ಕೂರಿಸಿದ್ದ ಅಂಚು ನುಣ್ಣಗಿತ್ತು. ತಲೆಯೆತ್ತಿದರೆ ಅವನ ಕಣ್ಣು ಅವಳ ಮುಖದ ಮೇಲಿತ್ತು. ಎದೆ ಹೊಡೆದುಕೊಂಡಿತು... ಡಬ್ಬ ಪರೀಕ್ಷೆ ಮಾಡುವವಳಿಗೆ ಇದೆಲ್ಲ ಯಾಕೆ ಬೇಕಿತ್ತೋ!

ಅವನು ಮುತ್ತುರಾಜ. ಬಾಗಲಕೋಟೆ ಕಡೆಯವನು. ಹೆಗ್ಗನಹಳ್ಳಿಯ ಶೆಡ್ಡೊಂದರಲ್ಲಿ ಸಾದಾ ಕ್ಯಾಬಿನೆಟ್‌ಗಳಿಗೆ ಕಿಟಕಿ ಕೊರೆದು, ಫ್ಯಾನು, ಬಣ್ಣದ ದೀಪ ಕೂರಿಸಿ ಕಡಿಮೆ ಬೆಲೆಗೆ ಮಾರುತ್ತಿದ್ದ. ಅವಳು ಇಂಥವನ್ನು ಪರೀಕ್ಷಿಸಿ ಯೂಟ್ಯೂಬಿನಲ್ಲಿ ಹೇಳುವವಳು. ಆರ್‌ಪಿಸಿ ಲೇಔಟ್‌ನ ಮಹಡಿ ಮನೆಯಲ್ಲಿ ಒಬ್ಬಳೇ. ಸಾವಿರಾರು ಜನ ಅವಳ ಮಾತು ಕೇಳುತ್ತಿದ್ದರು. ಊಟ ಆಯಿತಾ ಎಂದು ಕೇಳುವವರು ಮಾತ್ರ ಯಾರೂ ಇರಲಿಲ್ಲ.

"ಒಂದ್ ಮಾತು ಹೇಳಬೇಕಿತ್ರಿ, ಮುಂದಿನ ಜಾಲರಿ ಮ್ಯಾಲೆ..."

"ಬೇಡ. ವಿಡಿಯೋ ಬರೋವರೆಗೂ ನೀವೇನೂ ಹೇಳಬಾರದು. ಮಾಡಿದವರ ಮಾತು ಕೇಳ್ಬಿಟ್ರೆ ರಿವ್ಯೂ ಹಾಳಾಗುತ್ತೆ. ನನ್ನ ರೂಲು ಅದು."

ರೂಲಂತೆ ರೂಲು. ಅವನೂ ಪಾಪ, ತಲೆಯಾಡಿಸಿ ಹೋದ.

ಅಂದಿನಿಂದ ಸಂಜೆ ಸಂಜೆ ಮೆಸೇಜು. ಕ್ಯಾಬಿನೆಟ್ಟಿನ ಸುದ್ದಿ ಎತ್ತುತ್ತಿರಲಿಲ್ಲ. "ಊಟ ಆತೇನ್ರಿ?" ಅಷ್ಟೇ. ಬ್ರೆಡ್ಡು ತಿಂದು ಮಲಗುತ್ತಿದ್ದ ಹುಡುಗಿ 'ಆಯ್ತು' ಎಂದು ಸುಳ್ಳು ಬರೆಯಲಾರದೆ ಅನ್ನ ಸಾರು ಮಾಡತೊಡಗಿದಳು.

ತನ್ನ ಕಂಪ್ಯೂಟರಿನ ಭಾಗಗಳನ್ನು ಅದರೊಳಗೆ ಜೋಡಿಸಿ, ಪರೀಕ್ಷೆಗೆ ದೊಡ್ಡ ಗೇಮೊಂದನ್ನು ಓಡಲು ಬಿಟ್ಟಳು. ಕ್ಯಾಬಿನೆಟ್ಟಿನೊಳಗೆ ವಿಪರೀತ ಕಾವು. 'ಬೇಡ ಕಣೇ, ಅವನ ಹೊಟ್ಟೆ ಮೇಲೆ ಹೊಡೀಬೇಡ' ಎಂದಿತು ಮನಸ್ಸು. ಆದರೂ ಕ್ಯಾಮೆರಾ ಮುಂದೆ ಕಂಡದ್ದನ್ನೇ ಹೇಳಿದಳು.

"ನೋಡೋಕೆ ಚೆನ್ನಾಗಿದೆ, ಬೆಲೆನೂ ಕಡಿಮೆ. ಆದ್ರೆ ಒಳಗೆ ಗಾಳಿನೇ ಆಡಲ್ಲ. ತಗೋಬೇಡಿ."

ಆ ಸಂಜೆ ಮೆಸೇಜು ಬರಲಿಲ್ಲ. ಮರುದಿನವೂ ಇಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ.

'ನಿಜ ಹೇಳಿದ್ದಕ್ಕೆ ಇಷ್ಟು ಮುನಿಸಾ? ಹೋಗ್ಲಿ ಬಿಡು' ಎಂದುಕೊಂಡಳು. ಮನಸ್ಸು ಬಿಡಬೇಕಲ್ಲ... ಸಾರು ಕುದಿಸಿ ತಟ್ಟೆ ಮುಂದೆ ಕೂತರೆ ಕೈ ಫೋನಿನ ಕಡೆಗೇ ಹೋಗುತ್ತಿತ್ತು. ಅವನು ಬರುವ ಮೊದಲೂ ಇದೇ ಮನೆಯಲ್ಲಿ ಒಬ್ಬಳೇ ಇದ್ದಳು. ಆಗ ಇಷ್ಟು ಕಷ್ಟವಾಗಿರಲಿಲ್ಲ.

ವಾಪಸ್ ಕಳಿಸೋಣವೆಂದು ಕ್ಯಾಬಿನೆಟ್ ಒರೆಸುತ್ತಿದ್ದಾಗ ಮುಂದಿನ ಜಾಲರಿಯ ಮೂಲೆಯಲ್ಲಿ ಉಗುರಿಗೆ ಏನೋ ಸಿಕ್ಕಿತು. ಎಳೆದಳು. ದಾರಿಯಲ್ಲಿ ಗೀರು ಬೀಳದಿರಲೆಂದು ಅವನು ಅಂಟಿಸಿದ್ದ ತೆಳು ಪ್ಲಾಸ್ಟಿಕ್ ಹಾಳೆ ಸರ್ರನೆ ಬಿಚ್ಚಿಬಂತು. ಗಾಳಿ ಹೋಗುವ ದಾರಿಯೇ ಮುಚ್ಚಿತ್ತು! ಅಂದು ಅವನು ಹೇಳಲು ಬಂದದ್ದು ಇದನ್ನೇ. ಬಾಯಿ ಮುಚ್ಚಿಸಿದ್ದು ತಾನು.

ಮತ್ತೆ ಎಲ್ಲ ಜೋಡಿಸಿ ಗೇಮ್ ಓಡಿಸಿದಳು. ಕಾವು ಏರಲೇ ಇಲ್ಲ.

ಅಂದೇ ಇನ್ನೊಂದು ವಿಡಿಯೋ ಹಾಕಿದಳು. "ತಪ್ಪು ನಂದು. ಹಾಳೆ ಕೀಳದೆ ಪರೀಕ್ಷೆ ಮಾಡ್ಬಿಟ್ಟೆ. ಈ ಬೆಲೆಗೆ ಇಷ್ಟು ಒಳ್ಳೆ ಕ್ಯಾಬಿನೆಟ್ ನಾನು ನೋಡಿಲ್ಲ." ಕೆಳಗೆ ಜನ ಮನಸ್ಸಿಗೆ ಬಂದಂತೆ ಗೇಲಿ ಮಾಡಿದರು. ಮಾಡಿಕೊಳ್ಳಲಿ. ಅವಳು ಕಾಯುತ್ತಿದ್ದ ಮೆಸೇಜು ಮಾತ್ರ ಬರಲಿಲ್ಲ.

ಬೆಳಗ್ಗೆ ಆಟೋ ಹಿಡಿದು ಹೆಗ್ಗನಹಳ್ಳಿಗೆ ಹೋದಳು. ಮುತ್ತುರಾಜ ಅರದಿಂದ ತಗಡಿನ ಅಂಚು ಉಜ್ಜುತ್ತಿದ್ದ. ಅವಳನ್ನು ಕಂಡು ಕೈ ನಿಂತಿತು.

"ವಿಡಿಯೋ ನೋಡಿದ್ರಾ?"

"ನೋಡೀನ್ರಿ. ಊರಿಗೆಲ್ಲ ಹೇಳಿದ್ರಿ. ನನಗೇನೂ ಹೇಳ್ಲಿಲ್ಲ."

"ಅದಕ್ಕೇ ಬಂದೆ..." ಅವಳು ಒಂದು ಹೆಜ್ಜೆ ಒಳಗೆ ಬಂದಳು. "ನೀವು ಹೇಳೋಕೆ ಬಂದಾಗ ನಾನು ಕೇಳಲಿಲ್ಲ, ತಪ್ಪಾಯ್ತು. ನೀವು ಸುಮ್ಮನಾದ ಮೇಲೆ ಆ ಮನೇಲಿ ಇರೋಕಾಗ್ತಿಲ್ಲ. ನೀವು ನನಗೆ ಬೇಕು, ಮುತ್ತುರಾಜ್."

ಅವನು ಅರ ಕೆಳಗಿಟ್ಟು ಕೈಯೊರೆಸಿಕೊಂಡ. ಕಣ್ಣಂಚು ಒದ್ದೆಯಾಗಿತ್ತು.

"ಫೋನ್ ಎತ್ತಿದ್ರ ಅತ್ತುಬಿಡ್ತೀನಿ ಅಂತ ಎತ್ಲಿಲ್ರಿ. ನನಗೂ ನೀವು ಬೇಕು. ಆದ್ರ ನಾ ಮಾತಾಡೋದು ಕಡಿಮಿ. ನಾ ಬಂದ್ರೂ ನಿಮ್ಮ ಮನಿ ಹಂಗೇ ಸುಮ್ಮನಿರ್ತೈತಿ."

ಅವಳು ಅವನ ಪಕ್ಕದಲ್ಲೇ, ತಗಡಿನ ಪುಡಿಯ ಮೇಲೆ ಕೂತಳು.

"ಇರಲಿ ಬಿಡಿ. ಇಬ್ಬರೂ ಸುಮ್ಮನಿರೋಣ."